ತನಿ ಆವರ್ತನಕ್ಕೆ ಕತ್ತರಿ ಹಾಕದ ಒಂದು ವಾರ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನನ್ನ ಸಂಗೀತದ ಮೇಷ್ಟ್ರ ಕಛೇರಿ ರೇಡಿಯೋದಲ್ಲಿ ಬಂತು. ಮನೆಯವರೆಲ್ಲ ಕಾಫಿ ಲೋಟ ಹಿಡಿದು ಸುತ್ತ ಕೂತಿದ್ದೆವು. ಪಲ್ಲವಿ, ಅನುಪಲ್ಲವಿ, ಚರಣ, ಸ್ವರ ಎಲ್ಲ ಆಯಿತು. ಮೃದಂಗದವರು ತನಿ ಆವರ್ತನ, ಅಂದರೆ ಹಾಡು ನಿಲ್ಲಿಸಿ ಲಯವಾದ್ಯ ಮಾತ್ರ ನುಡಿಸುವ ಭಾಗ, ಶುರು ಮಾಡಿ ಎರಡು ನಿಮಿಷ ಆಗಿರಬೇಕು, ಸದ್ದು ಮೆಲ್ಲಗೆ ಇಳಿಯಿತು. ಹಿಂದೆಯೇ ಒಂದು ಸೋಪಿನ ಜಾಹೀರಾತು ಬಂತು. ಮೇಷ್ಟ್ರು ಆ ಬಗ್ಗೆ ಏನೂ ಹೇಳಲಿಲ್ಲ. ಮುಂದಿನ ವಾರ ಪಾಠದ ಮನೆಗೆ ಬಂದ ಮೃದಂಗದವರು ಮಾತ್ರ, "ಮುಕ್ತಾಯ ಅವತ್ತು ಚೆನ್ನಾಗಿ ಬಿದ್ದಿತ್ತು, ಅದೊಂದು ಕೇಳಿಸಬೇಕಿತ್ತು" ಅಂದರು.

ತನಿಯ ಕೊನೆಗೆ ಮೂರು ಸಲ ನುಡಿಸಿ ಮುಗಿಸುವ ಭಾಗವೇ ಮುಕ್ತಾಯ. ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ಹಾಗಾಗಿ 2025ರ ಜುಲೈನಲ್ಲಿ ಮೈಸೂರಿನ ಒಂದು ಸಣ್ಣ ಸಮುದಾಯ ಬಾನುಲಿಯವರು ಒಂದು ವಾರದ ಶಾಸ್ತ್ರೀಯ ಸಂಗೀತವನ್ನು ಜೋಡಿಸಿಕೊಡಿ ಎಂದಾಗ, ನಾನು ಒಂದೇ ಷರತ್ತು ಹಾಕಿದೆ. ಏನು ಹಾಕಿದರೂ ಪೂರ್ತಿ ಹಾಕಬೇಕು. ಹೊತ್ತು ಸಾಲದಿದ್ದರೆ ಬೇರೆ ಹಾಡು ಹುಡುಕೋಣ, ಕತ್ತರಿ ಬೇಡ. ಅವರು ಒಪ್ಪಿದರು.

ಬೆಳಿಗ್ಗೆ ಆರೂವರೆಯಿಂದ ಏಳು, ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ. ಏಳು ದಿನಕ್ಕೆ ಒಟ್ಟು ಹತ್ತೂವರೆ ಗಂಟೆ. ಕೇಳಲು ತುಂಬಾ ಅನ್ನಿಸುತ್ತದೆ. ಆದರೆ ರೇಡಿಯೋದಲ್ಲಿ ಅರ್ಧ ಗಂಟೆ ಅಂದರೆ ಮೂವತ್ತು ನಿಮಿಷ ಅಲ್ಲ. ಆರಂಭದ ನಾದ, ಕೇಂದ್ರದ ಹೆಸರು, ನನ್ನ ಮಾತು, ಮುಗಿಸುವ ಸಾಲು ಎಲ್ಲ ಕಳೆದರೆ ಹಾಡಿಗೆ ಸಿಗುವುದು 26 ನಿಮಿಷ. ಒಂದು ಗಂಟೆಯಲ್ಲಿ 54. ತನಿ ಸೇರಿದ ಒಂದು ದೊಡ್ಡ ಕೃತಿಗೆ ಸುಲಭವಾಗಿ 45 ನಿಮಿಷ ಬೇಕು. ಬೆಳಗಿನ ಹೊತ್ತಿನಲ್ಲಿ ಅದು ಕೂರುವುದೇ ಇಲ್ಲ. ಹಾಗಾಗಿ ಬೆಳಿಗ್ಗೆ ಚಿಕ್ಕ ಕೃತಿಗಳು ಮತ್ತು ವೀಣೆ, ರಾತ್ರಿ ವಿಸ್ತಾರದ ಹಾಡು ಎಂದು ಮೊದಲೇ ಗೆರೆ ಎಳೆದುಕೊಂಡೆ. ಬೆಳಿಗ್ಗೆ ಹಾಲು ಉಕ್ಕುತ್ತಿರುತ್ತದೆ, ಕುಕ್ಕರ್ ಕೂಗುತ್ತಿರುತ್ತದೆ. ಆಗ ಇಪ್ಪತ್ತು ನಿಮಿಷ ಆಲಾಪನೆ ಕೇಳಿ ಎನ್ನುವುದು ನ್ಯಾಯ ಅಲ್ಲ.

ವಾರದ ಎಳೆ ಯಾವುದು ಎಂದು ಜಾಸ್ತಿ ಯೋಚಿಸಲಿಲ್ಲ. ಮೈಸೂರಿನ ವಾಗ್ಗೇಯಕಾರರು (ಸಾಹಿತ್ಯ, ಸಂಗೀತ ಎರಡನ್ನೂ ಕಟ್ಟಿದವರು) ಮತ್ತು ವಾದಕರು, ಅಷ್ಟೇ. ರೇಡಿಯೋ ವಿಷಯದಲ್ಲೂ ಈ ಊರಿಗೆ ಒಂದು ಹಕ್ಕಿದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ 30 ವಾಟಿನ ಯಂತ್ರದಲ್ಲಿ ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಆ ಪುಟ್ಟ ನಿಲಯದ್ದು. ಆಮೇಲೆ ಅದು ದೇಶಕ್ಕೆಲ್ಲ ಆಯಿತು. ನಮ್ಮಂಥ ಸಮುದಾಯ ಬಾನುಲಿಗೆ ಸರ್ಕಾರ ಕೊಟ್ಟಿರುವ ಮಿತಿ 100 ವಾಟ್. ಶ್ರೀರಂಗಪಟ್ಟಣದ ಹತ್ತಿರ ಹೋಗುವಷ್ಟರಲ್ಲಿ ನಮ್ಮ ದನಿ ಗೊರಗೊರ ಅನ್ನುತ್ತದೆ. ಆದರೂ ಆ 30 ವಾಟನ್ನು ನೆನೆದರೆ ಧೈರ್ಯ ಬರುತ್ತದೆ.

ಹಾಡು ಎಲ್ಲಿಂದ ತರುವುದು? ಇದು ಮೊದಲ ಕಷ್ಟ. ಮನೆಯಲ್ಲಿರುವ ಸಿ.ಡಿ.ಯನ್ನು ಸುಮ್ನೆ ಹಾಕುವ ಹಾಗಿಲ್ಲ. ನಮ್ಮ ಕಾನೂನಿನ ಪ್ರಕಾರ ಒಂದು ಧ್ವನಿಮುದ್ರಣ ಪ್ರಕಟವಾದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಅದರ ಹಕ್ಕು ಇರುತ್ತದೆ. ಅಂದರೆ 2025ರಲ್ಲಿ ಕೇಳದೆ ಬಳಸಬಹುದಾದದ್ದು 1964ರವರೆಗೆ ಹೊರಬಂದ ಗ್ರಾಮಫೋನ್ ತಟ್ಟೆಗಳು ಮಾತ್ರ. ಕೃತಿಯ ಹಕ್ಕು ಬೇರೆ. ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಮೈಸೂರಿನ ವಾಗ್ಗೇಯಕಾರ ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡವರು, ಅವರ ಕೃತಿಗಳಿಗೆ ತೊಡಕಿಲ್ಲ. ಕೃತಿಗಳನ್ನೂ ರಚಿಸಿದ ಮಹಾರಾಜ ಜಯಚಾಮರಾಜ ಒಡೆಯರ್ 1974ರಲ್ಲಿ ಹೋದವರು, ಅವರದ್ದಕ್ಕೆ ಬೇರೆ ಕಾಗದ ಮಾಡಿಸಿದೆವು. ಉಳಿದದ್ದನ್ನೆಲ್ಲ ಊರಿನ ಕಲಾವಿದರನ್ನು ಕರೆದು ಹೊಸದಾಗಿ ಮುದ್ರಿಸಿಕೊಂಡೆವು. ಒಬ್ಬೊಬ್ಬರಿಂದಲೂ ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಂಡೆವು.

ಮುದ್ರಣ ನಡೆದದ್ದು ಜೂನ್ ಕೊನೆಯಲ್ಲಿ. ಜಿಟಿಜಿಟಿ ಮಳೆ. ಫ್ಯಾನ್ ಸದ್ದು ಮೈಕಿಗೆ ಬರುತ್ತದೆ ಎಂದು ಆರಿಸಿದರೆ ಕೋಣೆಯಲ್ಲಿ ಸೆಕೆ. ತೇವಕ್ಕೆ ಮೃದಂಗದ ಬಲಗಡೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತಿತ್ತು. ಪ್ರತಿ ಕೃತಿಗೂ ಮುಂಚೆ ಕಲ್ಲಿನಿಂದ ತಟ್ಟಿ ಶ್ರುತಿ ಮಾಡಬೇಕಾಯಿತು. ಕೊನೆಗೆ ಒಂದು ಹಳೇ ಕಾಲದ 100 ವಾಟ್ ಬಲ್ಬ್ ಹುಡುಕಿ ತಂದು, ಮೃದಂಗದಿಂದ ಎರಡು ಅಡಿ ದೂರದಲ್ಲಿ ಉರಿಸಿಟ್ಟೆವು. ಬೆಚ್ಚಗಾದ ಮೇಲೆ ಶ್ರುತಿ ನಿಂತಿತು. ವೀಣೆಯ ಕೊಡದ, ಅಂದರೆ ದೊಡ್ಡ ಬುರುಡೆಯ, ಹತ್ತಿರ ಮೈಕ್ ಇಟ್ಟರೆ ಗುಂಯ್ ಅನ್ನುತ್ತಿತ್ತು. ಒಂದು ಅಡಿ ಮೇಲಕ್ಕೆ, ಮೀಟುವ ಬೆರಳಿನ ಕಡೆ ತಿರುಗಿಸಿದಾಗ ಸರಿಹೋಯಿತು. ಮೈಸೂರು ಬಾನಿಯ, ಅಂದರೆ ಇಲ್ಲಿನ ವಾದನ ಶೈಲಿಯ, ಸೊಗಸೇ ಆ ಮೀಟಿನಲ್ಲಿದೆ. ತಂತಿಯನ್ನು ಜಾಸ್ತಿ ಎಳೆದಾಡದೆ, ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ಮುತ್ತಿನ ಹಾಗೆ ಉದುರಿಸುವುದು. ಅದು ಮಸುಕಾದರೆ ಇನ್ನೇನು ಉಳಿಯಿತು?

ಸೋಮವಾರ ಬೆಳಿಗ್ಗೆ ವಾಸುದೇವಾಚಾರ್ಯರ 'ಪ್ರಣಮಾಮ್ಯಹಂ'. ಗೌಳ ರಾಗ, ಗಣಪತಿ, ಬೆಳಗಿನ ಹೊತ್ತು, ಎಲ್ಲವೂ ಕೂಡಿ ಬಂದಿತ್ತು. ರಾತ್ರಿಯದ್ದೂ ತೊಂದರೆ ಇಲ್ಲದೆ ಮುಗಿಯಿತು.

ಮಂಗಳವಾರ ನಾನು ತಪ್ಪಿದೆ. ರಾತ್ರಿಯ ಗಂಟೆ ಪೂರ್ತಿ ವಾಸುದೇವಾಚಾರ್ಯರು ಎಂದು ಇಟ್ಟುಕೊಂಡಿದ್ದೆ. ಕಾಂಭೋಜಿಯಲ್ಲಿ 'ಲಂಬೋದರಮವಲಂಬೇ', ಮೋಹನದಲ್ಲಿ 'ರಾ ರಾ ರಾಜೀವಲೋಚನ', ಕೊನೆಗೆ ಎಲ್ಲರೂ ಕಾಯುವ ಖಮಾಚಿನ 'ಬ್ರೋಚೇವಾರೆವರುರಾ'. ನಿನ್ನ ಬಿಟ್ಟು ನನ್ನನ್ನು ಕಾಪಾಡುವವರು ಯಾರಪ್ಪಾ ಎಂದು ರಾಮನನ್ನು ಕೇಳುವ ಹಾಡು ಅದು. ಮೂರೂ ಒಳ್ಳೆಯ ಕೃತಿಗಳೇ. ನಿಮಿಷದ ಲೆಕ್ಕವೂ ಸರಿಯಾಗಿತ್ತು. ಪ್ರಸಾರ ಮುಗಿಯುತ್ತಿದ್ದಂತೆ ಸರಸ್ವತಿಪುರಂನಿಂದ ಹಿರಿಯರೊಬ್ಬರು ಫೋನ್ ಮಾಡಿದರು. "ಮೂರೂ ಒಂದೇ ಮನೆಯವು ಅಲ್ವಾ? ನಡುವೆ ಒಂದು ಪ್ರತಿ ಮಧ್ಯಮ ಬೇಕಿತ್ತು" ಅಂದರು. ಹೌದು. ಮೇಳ ಅಂದರೆ ಬೇರೆ ರಾಗಗಳು ಹುಟ್ಟುವ ತಾಯಿ ರಾಗ. ಮೂರೂ 28ನೇ ಮೇಳ ಹರಿಕಾಂಭೋಜಿಯ ಮಕ್ಕಳು. ಹೆಸರು ಬೇರೆ, ನಡೆ ಬೇರೆ, ಆದರೆ ಒಂದು ಗಂಟೆ ಕೇಳಿದ ಕಿವಿಗೆ ಗಾಳಿ ಬದಲಾಗುವುದಿಲ್ಲ. ನಾನು ನಿಮಿಷಗಳನ್ನೇ ನೋಡುತ್ತಾ ಮೇಳ ನೋಡುವುದನ್ನು ಮರೆತಿದ್ದೆ. ಭಾನುವಾರ ಮಧ್ಯಾಹ್ನದ ಮರುಪ್ರಸಾರಕ್ಕೆ ಮೋಹನವನ್ನು ತೆಗೆದು, ಅದೇ ಆಚಾರ್ಯರ 'ನಿನ್ನೇ ನಮ್ಮಿತಿನಯ್ಯ' ಹಾಕಿದೆ. ಸಿಂಹೇಂದ್ರಮಧ್ಯಮ, ಪ್ರತಿ ಮಧ್ಯಮ (ಎತ್ತರದ 'ಮ') ಇರುವ 57ನೇ ಮೇಳ, ತಾಳವೂ ಮಿಶ್ರಛಾಪು. ಆಮೇಲೆ ಬಂದ ಖಮಾಚು ಎಷ್ಟು ತಂಪಾಗಿ ಕೇಳಿಸಿತು ಅಂದರೆ, ಅದು ಮಂಗಳವಾರ ಹಾಕಿದ ಅದೇ ಮುದ್ರಣ ಎಂದು ನನಗೇ ನಂಬಿಕೆ ಬರಲಿಲ್ಲ.

ಅವತ್ತಿನಿಂದ ನನ್ನ ನೋಟ್ ಪುಸ್ತಕದಲ್ಲಿ ಪ್ರತಿ ಹಾಡಿನ ಮುಂದೆ ನಾಲ್ಕು ಕಾಲಂ ಇವೆ: ನಿಮಿಷ, ಮೇಳ, ತಾಳ, ಶ್ರುತಿ. ಕೊನೆಯದನ್ನು ಬುಧವಾರ ಕಲಿತೆ. ಒಂದು ಮನೆ ಶ್ರುತಿಯ (ಮನೆ ಅಂದರೆ ಹಾರ್ಮೋನಿಯಂ ಕೀಲಿಯ ಎಣಿಕೆ) ಗಂಡು ದನಿ ಮುಗಿದ ಕೂಡಲೇ ಐದೂವರೆ ಮನೆಯ ಹೆಣ್ಣು ದನಿ ಬಂದರೆ ಕಿವಿ ಕಿತ್ತುಕೊಳ್ಳುತ್ತದೆ. ಕಛೇರಿಯಲ್ಲಿ ಈ ಸಮಸ್ಯೆಯೇ ಇಲ್ಲ, ಅಲ್ಲಿ ಇಡೀ ಹೊತ್ತು ಒಂದೇ ತಂಬೂರಿ. ರೇಡಿಯೋದಲ್ಲಿ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಆಧಾರ ಷಡ್ಜವೇ (ಮೂಲ 'ಸ'ವೇ) ಬದಲಾಗುತ್ತದೆ. ನಡುವೆ ನನ್ನ ಮಾತಿದ್ದರೆ ಸ್ವಲ್ಪ ವಾಸಿ. ಆದರೆ ಮಾತಿನ ಕೆಳಗೆ ಹಳೇ ತಂಬೂರಿಯನ್ನು ಎಳೆಯಬಾರದು. ಹತ್ತು ಸೆಕೆಂಡ್ ಬರೀ ಮಾತು, ಆಮೇಲೆ ಹೊಸ ಹಾಡಿನ ತಂಬೂರಿ ಮೆಲ್ಲಗೆ ಏರಬೇಕು. ಆಗ ಕೇಳುವವರ ಕಿವಿ ಹೊಸ ಷಡ್ಜಕ್ಕೆ ತಾನೇ ಹೊಂದಿಕೊಳ್ಳುತ್ತದೆ.

ಮಾತಿನ ಬಗ್ಗೆಯೂ ನನಗೊಂದು ಹಟವಿದೆ. ಒಂದು ಹಾಡಿಗೆ 40 ಸೆಕೆಂಡಿಗಿಂತ ಜಾಸ್ತಿ ಬೇಡ. ರಚಿಸಿದವರು, ರಾಗ, ತಾಳ, ಮತ್ತು ಕೇಳಲು ಒಂದೇ ಒಂದು ಗುರುತು. ಆರೋಹಣ ಅವರೋಹಣವನ್ನು ಓದಿ ಹೇಳಿದರೆ ಗೊತ್ತಿದ್ದವರಿಗೆ ಬೇಸರ, ಗೊತ್ತಿಲ್ಲದವರಿಗೆ ಗಾಬರಿ. ಅದರ ಬದಲು ನನ್ನ ಶಿಷ್ಯೆಯೊಬ್ಬಳು ರಾಗದ ಗುರುತು ಹಿಡಿಸುವ ಒಂದು ಸ್ವರಗುಚ್ಛವನ್ನು ಐದು ಸೆಕೆಂಡ್ ಹಾಡುತ್ತಿದ್ದಳು. "ಇದು ಎಲ್ಲಿ ಬರುತ್ತದೆ, ಹುಡುಕಿ" ಎಂದಷ್ಟೇ ನಾನು ಹೇಳುತ್ತಿದ್ದೆ. ಒಂಟಿಕೊಪ್ಪಲಿನ ಒಬ್ಬ ಹುಡುಗ ದಿನವೂ ಫೋನ್ ಮಾಡಿ, ಎಷ್ಟು ಸಲ ಬಂತು ಎಂದು ಎಣಿಸಿ ಹೇಳುತ್ತಿದ್ದ.

ಗುರುವಾರ ವೀಣೆಯ ದಿನ. ವೀಣೆ ಶೇಷಣ್ಣನವರ ರಚನೆಗಳು, ವೆಂಕಟಗಿರಿಯಪ್ಪನವರು, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್. ಅಯ್ಯಂಗಾರರು ಬೆಂಗಳೂರು ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಅವರ ಬಗ್ಗೆ ಹೇಳುವಾಗ ನನ್ನ 40 ಸೆಕೆಂಡಿನ ನಿಯಮ ಮುರಿಯಿತು, ಎರಡು ನಿಮಿಷ ಮಾತಾಡಿಬಿಟ್ಟೆ.

ಶುಕ್ರವಾರಕ್ಕಾಗಿಯೇ ನಾನು ಈ ವಾರವನ್ನು ಕೇಳಿ ತೆಗೆದುಕೊಂಡದ್ದು. ಜುಲೈ 18. ಆಷಾಢದ ಕೊನೆಯ ಶುಕ್ರವಾರ ಅವತ್ತೇ ಬಂದಿತ್ತು. 1919ರಲ್ಲಿ ಜಯಚಾಮರಾಜ ಒಡೆಯರ್ ಹುಟ್ಟಿದ್ದೂ ಅದೇ ತಾರೀಖು. ಚಾಮುಂಡಿ ಬೆಟ್ಟಕ್ಕೆ ನಸುಕಿನಿಂದಲೇ ಜನ. ಆರೂವರೆಗೆ ಮೆಟ್ಟಿಲು ಹತ್ತುತ್ತಿರುವವರ ಮೊಬೈಲಿನಲ್ಲಿ ನಮ್ಮ ರೇಡಿಯೋ ಇರಲಿ ಎಂಬ ಆಸೆ ನನಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ಮಾಡಿದರು. ತಮಿಳುನಾಡಿನಿಂದ ಬಂದವರು, ಕನ್ನಡದಲ್ಲಿ ಕೃತಿ ಕಟ್ಟಿದರು. ಅವರ 'ಭುವನೇಶ್ವರಿಯ' ಮೋಹನಕಲ್ಯಾಣಿಯಲ್ಲಿದೆ. ನೆನೆ ಮಾನಸವೇ ಎನ್ನುವ ಆ ಪಲ್ಲವಿಗೆ ಅರ್ಥ ಹೇಳಬೇಕಾಗಿಯೇ ಇಲ್ಲ. ಅದನ್ನು ಆ ಬೆಳಗಿನ ಮೊದಲ ಹಾಡಾಗಿ ಇಟ್ಟೆ. ಏಳಕ್ಕೆ ಮುಂಚೆ ಒಬ್ಬರು ನಂದಿಯ ಹತ್ತಿರದಿಂದ ಫೋನ್ ಮಾಡಿದರು. ಏದುಸಿರಿನಲ್ಲೇ, "ಇಲ್ಲಿ ನಾಲ್ಕು ಜನ ನಿಂತು ಕೇಳ್ತಿದ್ದೀವಿ" ಅಂದರು.

ರಾತ್ರಿ ಒಡೆಯರ ಕೃತಿಗಳು. ಅಠಾಣದ 'ಶ್ರೀ ಮಹಾಗಣಪತಿಂ', ಗಂಭೀರನಾಟದ 'ಶ್ರೀ ಜಾಲಂಧರ', ಹಿಂದೋಳದ 'ಚಿಂತಯಾಮಿ ಜಗದಂಬಾಂ'. ಅವರು ಮಾಡಿದ್ದು 94 ಕೃತಿ, ಎಲ್ಲದರಲ್ಲೂ 'ಶ್ರೀವಿದ್ಯಾ' ಎಂಬ ಅಂಕಿತ. ಇದೇ ಮಹಾರಾಜರು ರಷ್ಯಾದ ಪಿಯಾನೋ ಸಂಗೀತ ರಚನಕಾರ ಮೆಡ್ನರ್ ಅವರ ಕೃತಿಗಳು ಲಂಡನ್ನಿನಲ್ಲಿ ಧ್ವನಿಮುದ್ರಣವಾಗಲು ಹಣ ಕೊಟ್ಟರು. ಮೆಡ್ನರ್ ತಮ್ಮ ಮೂರನೇ ಪಿಯಾನೋ ಕನ್ಚೆರ್ಟೊವನ್ನು ಇವರಿಗೇ ಅರ್ಪಿಸಿದರು. ಆ ಪಿಯಾನೋ ಧ್ವನಿಯ ಅರ್ಧ ನಿಮಿಷವನ್ನೂ ಹಾಕುವ ಆಸೆ ಇತ್ತು. ಆದರೆ ಅದು ತುಂಡು, ಪೂರ್ತಿ ಅಲ್ಲ. ಬಿಟ್ಟೆ.

ಶನಿವಾರ ಚೌಡಯ್ಯನವರ ಹಳೆಯ ತಟ್ಟೆಗಳು. ಏಳು ತಂತಿಯ ಪಿಟೀಲಿನ ಆ ತುಂಬು ನಾದ. ಆ ಕಾಲದ ತಟ್ಟೆಯ ಒಂದು ಮುಖಕ್ಕೆ ಮೂರೂವರೆ ನಿಮಿಷ ಅಷ್ಟೇ ಜಾಗ. ಅಷ್ಟರೊಳಗೇ ರಾಗದ ಮುಖ ತೋರಿಸಿ, ಹಾಡಿ, ಮುಗಿಸುತ್ತಿದ್ದರು. ಯಾರೂ ಅವರನ್ನು ಕತ್ತರಿಸಲಿಲ್ಲ, ಹೊತ್ತನ್ನು ಅವರೇ ಅಳೆದುಕೊಂಡರು. ಕರಕರ ಸದ್ದನ್ನು ಪೂರ್ತಿ ತೆಗೆಯಲು ಹೋದರೆ ಪಿಟೀಲಿನ ಮೇಲಿನ ನಾದವೂ ಹೋಗುತ್ತಿತ್ತು. ಹಾಗಾಗಿ ಸ್ವಲ್ಪ ಕರಕರ ಬಿಟ್ಟೆ.

ಭಾನುವಾರ ರಾತ್ರಿ ಒಂದೇ ಕೃತಿ. ಮೈಸೂರು ಸದಾಶಿವರಾಯರ ತೋಡಿ, 'ತ್ಯಾಗರಾಜ ಸ್ವಾಮಿ ವೆಡಲಿನ'. ಆಲಾಪನೆ, ಕೃತಿ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಸ್ವರ, ತನಿ. ಒಂದು ಗಂಟೆ ಒಂದೇ ರಾಗ ಹಾಕಿದರೆ ಜನ ಬೇರೆ ಕೇಂದ್ರ ತಿರುಗಿಸುತ್ತಾರೆ ಎಂದು ಬಾನುಲಿಯ ಗೆಳೆಯರಿಗೆ ಭಯ. ನನಗೂ ಇತ್ತು. ಮುದ್ರಣ 53 ನಿಮಿಷ 20 ಸೆಕೆಂಡ್. ಒಂಬತ್ತೂವರೆಗೆ ಯಂತ್ರ ತಾನಾಗಿಯೇ ಮುಂದಿನ ಕಾರ್ಯಕ್ರಮಕ್ಕೆ ಹೋಗುತ್ತದೆ, ಯಾರಿಗೂ ಕಾಯುವುದಿಲ್ಲ. ಹಾಗಾಗಿ ನನ್ನ ಮಾತನ್ನು 20 ಸೆಕೆಂಡಿಗೆ ಇಳಿಸಿದೆ.

ನನ್ನ ಮೇಷ್ಟ್ರ ಜೊತೆ ನುಡಿಸುತ್ತಿದ್ದ ಆ ಮೃದಂಗದವರು ಈಗಿಲ್ಲ. ಆ ಮುದ್ರಣದಲ್ಲಿ ನುಡಿಸಿದ್ದು ಅವರ ಶಿಷ್ಯರು. ತನಿ ಹನ್ನೊಂದು ನಿಮಿಷ ನಡೆಯಿತು. ಚತುರಶ್ರ, ತಿಶ್ರ, ಖಂಡ ಎಂದು ನಾಲ್ಕು, ಮೂರು, ಐದರ ನಡೆಗಳು, ಆಮೇಲೆ ಮುಗಿಸುವ ಮೊಹರಾ, ಕೋರ್ವೆ. ನಾನು ಗಾಜಿನ ಈಚೆ ಗಡಿಯಾರದ ಮುಂದೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಮುಕ್ತಾಯ ಮೂರು ಸಲ ಬಂದು ಸಮಕ್ಕೆ ಸರಿಯಾಗಿ ಬಿತ್ತು. ಗಾಯಕರು ಪಲ್ಲವಿ ಎತ್ತಿಕೊಂಡರು. ಗಡಿಯಾರದಲ್ಲಿ ಒಂಬತ್ತು ಇಪ್ಪತ್ತೇಳು. ಆ ಶಿಷ್ಯರು ಮನೆಯಿಂದಲೇ ಕೇಳುತ್ತಿದ್ದರು. ಹತ್ತು ನಿಮಿಷದ ಮೇಲೆ ಫೋನ್ ಮಾಡಿ, "ಆ ಕೊನೆಯ ಮುಕ್ತಾಯ ಗುರುಗಳದ್ದು, ಅವರು ಹೇಳಿಕೊಟ್ಟಿದ್ದು. ಪೂರ್ತಿ ಬಂತು" ಅಂದರು.