ಸೊನ್ನೆ ಗಂಟೆಯ ಪ್ಲೇಟು

ಇ. ಕೊಲೈ ಬ್ಯಾಕ್ಟೀರಿಯಾ ಒಂದಿದ್ದದ್ದು ಎರಡಾಗಲು 20 ನಿಮಿಷ ಸಾಕು. ಕ್ಷಯದ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಮ್ಮಿ ಒಂದು ದಿನ ಬೇಕು. ಇ. ಕೊಲೈ ಮೇಲೆ ಕೆಲಸ ಮಾಡುವ ಗೆಳತಿ ಸಂಜೆ ಪ್ಲೇಟಿಗೆ, ಅಂದರೆ ಆಹಾರ ಹಾಕಿದ ಪುಟ್ಟ ತಟ್ಟೆಗೆ, ಬ್ಯಾಕ್ಟೀರಿಯಾ ಹಚ್ಚಿ ಹೋಗಿ ಬೆಳಿಗ್ಗೆ ಬಂದು ಕಾಲೊನಿ, ಅಂದರೆ ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದು ಕಣ್ಣಿಗೆ ಕಾಣುವ ಗುಪ್ಪೆ, ಎಣಿಸುತ್ತಾಳೆ. ನಾನು ಹಚ್ಚಿದ ಪ್ಲೇಟಿನಲ್ಲಿ ಎಣಿಸುವಂಥದ್ದು ಏನಾದರೂ ಕಾಣಲು 3 ವಾರ, ಕೆಲವೊಮ್ಮೆ 4 ವಾರ. ಮುಂಬಯಿಯ ಪರೇಲಿನ ಒಂದು ಸಂಶೋಧನಾಲಯದಲ್ಲಿ ಆರು ವರ್ಷದಿಂದ ನಾನು ಈ ಲೆಕ್ಕದಲ್ಲೇ ಬದುಕುತ್ತಿದ್ದೇನೆ. ಡೊಂಬಿವಲಿಯ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ಏಕಾದಶಿ, ಸಂಕಷ್ಟಿಗೆ ಗುರುತು ಹಾಕಿದರೆ, ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ '21ನೇ ದಿನ' ಎಂದು ಬರೆದದ್ದು ನನ್ನದು.

ಈ ಕೆಲಸಕ್ಕೆ ನಾನು ಬಂದದ್ದು ಅಪ್ಪನ ಕಾರಣದಿಂದ. ಅವರು ಕಾರ್ಕಳದ ಹತ್ತಿರದ ಹಳ್ಳಿಯಿಂದ 14ನೇ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಮಾಟುಂಗದ ಹೋಟೆಲಿನ ಅಡುಗೆಮನೆಯಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಭಟ್ಟಿಯ ಮುಂದೆ ನಿಂತವರು. 2004ರಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದಾಗ, ಅವರಿಗೆ ಕೆಮ್ಮು ನಿಲ್ಲಲಿಲ್ಲ. ಸಂಜೆಯಾದರೆ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಕಫ ಪರೀಕ್ಷೆಯಲ್ಲಿ ಟಿ.ಬಿ. ಎಂದು ಬಂತು. ಆಗಿನ ಡಾಟ್ಸ್ ಪದ್ಧತಿಯಲ್ಲಿ ವಾರಕ್ಕೆ ಮೂರು ದಿನ ದವಾಖಾನೆಗೆ ಹೋಗಿ ಅಲ್ಲಿಯವರ ಕಣ್ಣೆದುರೇ ಮಾತ್ರೆ ನುಂಗಬೇಕಿತ್ತು. ರಿಫಾಂಪಿಸಿನ್ ಎಂಬ ಮಾತ್ರೆಯಿಂದ ಮೂತ್ರ ಕೆಂಪಾದ ದಿನ ಅಪ್ಪ ಹೆದರಿ ಯಾರಿಗೂ ಹೇಳದೆ ಕೂತಿದ್ದರು. ಎರಡು ವಾರದಲ್ಲಿ ಜ್ವರ ಇಳಿಯಿತು, ಅನ್ನ ಸೇರತೊಡಗಿತು. ಆಗ ಅವರು ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ: "ಗುಣ ಆಯ್ತಲ್ಲ, ಇನ್ನು ಐದೂವರೆ ತಿಂಗಳು ಎಂತಕ್ಕೆ ನುಂಗುವುದು?" ಮನೆಯಲ್ಲಿ ಯಾರಲ್ಲೂ ಉತ್ತರವಿರಲಿಲ್ಲ. ನುಂಗಿದರು, ಅಷ್ಟೆ.

ಉತ್ತರದ ಒಂದು ಭಾಗ ಈ ಬ್ಯಾಕ್ಟೀರಿಯಾ ವಾಸಮಾಡುವ ಜಾಗದಲ್ಲಿದೆ. ಉಸಿರಿನ ಜೊತೆ ಶ್ವಾಸಕೋಶದ ಗಾಳಿಚೀಲಕ್ಕೆ ಇಳಿದ ಬ್ಯಾಕ್ಟೀರಿಯಾವನ್ನು ಅಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಕೋಶ ನುಂಗುತ್ತದೆ. ಬೇರೆ ಸೂಕ್ಷ್ಮಜೀವಿಯಾದರೆ ನುಂಗಿದ ಚೀಲ ಹುಳಿಯಾಗುತ್ತ ಹೋಗುತ್ತದೆ. ಪಿಎಚ್ (ಇದು ಇಳಿದಷ್ಟೂ ಹುಳಿ ಹೆಚ್ಚು) 5ರ ಆಸುಪಾಸಿಗೆ ಇಳಿದು, ಜೀರ್ಣರಸ ತುಂಬಿದ ಇನ್ನೊಂದು ಚೀಲ ಬಂದು ಅದಕ್ಕೆ ಸೇರಿ, ಒಳಗಿದ್ದದ್ದು ಕರಗುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಈ ಕ್ರಿಯೆಯನ್ನು ಅರ್ಧದಲ್ಲೇ ತಡೆಯುತ್ತದೆ. ಅದಿರುವ ಚೀಲದ ಪಿಎಚ್ 6ಕ್ಕಿಂತ ಮೇಲೇ ನಿಲ್ಲುತ್ತದೆ. ಕೊಲ್ಲಬೇಕಾದ ಕೋಶವೇ ಅದಕ್ಕೆ ಮನೆಯಾಗುತ್ತದೆ.

ಅದರ ಇನ್ನೊಂದು ಆಯುಧ ಇಎಸ್‌ಎಕ್ಸ್-1 ಎಂಬ ಸ್ರವಿಸುವ ಯಂತ್ರ. ಈಸ್ಯಾಟ್-6, ಸಿಎಫ್‌ಪಿ-10 ಎಂಬ ಎರಡು ಪುಟ್ಟ ಪ್ರೋಟೀನುಗಳನ್ನು ಹೊರಗೆ ಕಳಿಸುವುದು ಇದೇ. ಚೀಲದ ಪೊರೆಗೆ ಗಾಯಮಾಡಲು ಬ್ಯಾಕ್ಟೀರಿಯಾಕ್ಕೆ ಈ ಯಂತ್ರ ಬೇಕು. ಕಾಲ್ಮೆಟ್ ಮತ್ತು ಗೆರಾನ್ ಎಂಬ ಫ್ರೆಂಚ್ ವಿಜ್ಞಾನಿಗಳು 13 ವರ್ಷ ಹಿಡಿದು, 230 ಸಲ ಹೊಸ ಆಹಾರಕ್ಕೆ ದಾಟಿಸಿ ದುರ್ಬಲಗೊಳಿಸಿದ ಬಿಸಿಜಿ ಲಸಿಕೆಯಲ್ಲಿ ಈ ಎರಡು ಪ್ರೋಟೀನುಗಳ ಜೀನುಗಳೇ ಇಲ್ಲ, ದಾರಿಯಲ್ಲಿ ಕಳೆದುಹೋದವು. ಆದ್ದರಿಂದಲೇ ಈ ಎರಡು ಪ್ರೋಟೀನುಗಳಿಗೆ ನಮ್ಮ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ಇಂಟರ್‌ಫೆರಾನ್-ಗಾಮಾ ಎಂಬ ಸಂಕೇತದ ಪ್ರೋಟೀನು ಬಿಡುತ್ತವೆಯೇ ಎಂದು ನೋಡುವ ರಕ್ತಪರೀಕ್ಷೆ, ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಬಿಸಿಜಿಯನ್ನು ನಿಜವಾದ ಸೋಂಕು ಎಂದು ತಪ್ಪು ತಿಳಿಯುವುದಿಲ್ಲ. ಮೊದಲ ಸಲ ಇದನ್ನು ಓದಿದಾಗ ಆದ ಖುಷಿ ನನಗೆ ಈಗಲೂ ಹಾಗೇ ಇದೆ.

ನನ್ನ ಪಾಲಿಗೆ ಬಂದದ್ದು ಬ್ಯಾಕ್ಟೀರಿಯಾದ ಹೊರಗೋಡೆಗೆ ಸಂಬಂಧಿಸಿದ ಒಂದು ಜೀನ್. ಎಚ್37ಆರ್‌ವಿ ಎಂಬ ತಳಿಯ ಪೂರ್ತಿ ಜೀನೋಮ್ 1998ರಲ್ಲಿ ಪ್ರಕಟವಾಯಿತು. ಡಿಎನ್‌ಎಯ ಸುಮಾರು 44 ಲಕ್ಷ ಅಕ್ಷರ, ಹತ್ತಿರಹತ್ತಿರ 4000 ಜೀನ್. ಅದರಲ್ಲಿ ಒಂದನ್ನು ತೆಗೆದುಹಾಕಿದರೆ ಆ ಬ್ಯಾಕ್ಟೀರಿಯಾ ಮ್ಯಾಕ್ರೋಫೇಜಿನೊಳಗೆ ಬದುಕುತ್ತದೆಯೋ ಇಲ್ಲವೋ ಎಂಬುದು ನನ್ನ ಪ್ರಶ್ನೆ. ಜೀನ್ ತೆಗೆಯುವುದಕ್ಕೇ ಒಂದು ವರ್ಷ ಹೋಯಿತು. ಅದರ ಕಥೆ ಎಲ್ಲರದ್ದೂ ಒಂದೇ ತರ. ಡಿಎನ್‌ಎ ತುಂಡು ಒಳಗೆ ಸೇರಿಸು, ಹೈಗ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಹಾಕಿದ ಪ್ಲೇಟಿಗೆ ಹಚ್ಚು, ಒಂದು ತಿಂಗಳು ಕಾಯಿ, ಬಂದ ಕಾಲೊನಿ ಸುಳ್ಳೆಂದು ತಿಳಿದುಕೊ, ಮತ್ತೆ ಮೊದಲಿಂದ ಮಾಡು.

ಆಮೇಲಿನದ್ದು ಮ್ಯಾಕ್ರೋಫೇಜ್ ಪ್ರಯೋಗ. ನಾವು ಬಳಸುವ ಟಿಎಚ್‌ಪಿ-1 ಕೋಶಗಳು ರಕ್ತದ ಕ್ಯಾನ್ಸರ್ ಇದ್ದ ಒಂದು ಪುಟ್ಟ ಗಂಡುಮಗುವಿನಿಂದ ಬಂದವು. ಆ ಮಗುವಿನ ಕೋಶಗಳು ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಇವತ್ತಿಗೂ ಬೆಳೆಯುತ್ತಿವೆ. ಫ್ಲಾಸ್ಕಿನ ಮುಚ್ಚಳ ತೆರೆಯುವಾಗ ಆ ನೆನಪು ನನಗೆ ಬರುತ್ತದೆ. ಈ ಕೋಶಗಳು ದ್ರವದಲ್ಲಿ ತೇಲುತ್ತಿರುತ್ತವೆ. ಪಿಎಂಎ ಎಂಬ ರಾಸಾಯನಿಕ ಹಾಕಿದರೆ ತಳಕ್ಕೆ ಅಂಟಿ ಮ್ಯಾಕ್ರೋಫೇಜಿನ ಗುಣ ತಾಳುತ್ತವೆ. ಒಂದು ಕೋಶಕ್ಕೆ ಐದರಂತೆ ಬ್ಯಾಕ್ಟೀರಿಯಾ ಹಾಕಿ 4 ಗಂಟೆ ಬಿಡಬೇಕು. ತೊಳೆದು, ಹೊರಗೆ ಉಳಿದ ಬ್ಯಾಕ್ಟೀರಿಯಾ ಸಾಯಲಿ ಎಂದು 2 ಗಂಟೆ ಅಮಿಕಾಸಿನ್ ಹಾಕಿ, ಮತ್ತೆ ತೊಳೆಯಬೇಕು. ಮೂರು ದಿನದ ಮೇಲೆ ಕೋಶಗಳನ್ನು ಒಡೆದು, ಒಳಗಿದ್ದದ್ದನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುಮಾಡಿ ಪ್ಲೇಟಿಗೆ ಹಚ್ಚಿ, ಬಂದ ಕಾಲೊನಿ ಎಣಿಸಬೇಕು. ಇದೆಲ್ಲ ನಡೆಯುವುದು ಬಿಎಸ್‌ಎಲ್-3 ಎಂಬ, ಅಪಾಯಕಾರಿ ರೋಗಾಣುಗಳಿಗೆಂದೇ ಇರುವ ಬಿಗಿ ಭದ್ರತೆಯ ಕೋಣೆಯಲ್ಲಿ. ಆ ಕೋಣೆಗೆ ಗಾಳಿ ಒಳಕ್ಕಷ್ಟೇ ಬರುತ್ತದೆ, ಹೊರಕ್ಕೆ ಹೋಗುವುದು ಸೋಸಿದ ಮೇಲೆಯೇ. ಎರಡು ಜೊತೆ ಗ್ಲವ್ಸ್, ಮುಖಕ್ಕೆ ಬಿಗಿಯಾಗಿ ಕೂತ ಮಾಸ್ಕ್, ಮೈತುಂಬ ಗೌನ್. ಒಳಗೆ ಹೋದರೆ ನಾಲ್ಕೈದು ಗಂಟೆ ನೀರೂ ಇಲ್ಲ, ಮಾತೂ ಕಡಿಮೆ.

ಮೊದಲ ಫಲಿತಾಂಶ ಬಂದ ದಿನ ನಾನು ಲೋಕಲ್ಲಿನಲ್ಲಿ ನಿಂತೇ ಮನೆಗೆ ಫೋನ್ ಮಾಡಿದೆ. ಮೂಲ ತಳಿಯ ಪ್ಲೇಟಿನಲ್ಲಿ ಕಾಲೊನಿಗಳು ಹೂಕೋಸಿನ ಪುಡಿ ಚೆಲ್ಲಿದಂತೆ ತುಂಬಿದ್ದವು. ಜೀನ್ ತೆಗೆದ ತಳಿಯಲ್ಲಿ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಮತ್ತೆರಡು ಸಲ ಮಾಡಿದೆ, ಅದೇ ಬಂತು. ನಮ್ಮ ಮೇಡಂ ಸಮ್ಮೇಳನಕ್ಕೆ ಪೋಸ್ಟರ್ ತಯಾರಿಸಲು ಹೇಳಿದರು. ಈ ಜೀನ್ ಇಲ್ಲದಿದ್ದರೆ ಮ್ಯಾಕ್ರೋಫೇಜ್ ಕ್ಷಯವನ್ನು ಕೊಲ್ಲುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದೂ ಆಯಿತು.

ನಮ್ಮ ಲ್ಯಾಬಿನಲ್ಲಿ ಒಬ್ಬ ಹಿರಿಯ ಟೆಕ್ನಿಷಿಯನ್ ಇದ್ದಾರೆ. ಅವರೂ ಕಾರ್ಕಳದ ಕಡೆಯವರು. ಇಲ್ಲಿಗೆ ಬರುವ ಮೊದಲು ಇಪ್ಪತ್ತು ವರ್ಷ ಕಫದ ಸ್ಲೈಡ್ ನೋಡಿದ ಕಣ್ಣು ಅವರದ್ದು. ಪೋಸ್ಟರ್ ತೋರಿಸಿದೆ. ಓದಿ ಮುಗಿಸಿ ಒಂದೇ ಮಾತು ಕೇಳಿದರು: "ಇದು ಕೋಶಕ್ಕೆ ಹಾಕುವ ಮೊದಲು ಒಂದು ಸ್ಲೈಡ್ ಮಾಡಿ ನೋಡಿದ್ದೀಯಾ?"

"ಓಡಿ ನೋಡಿದ್ದೇನಲ್ಲ ಅಣ್ಣ," ಎಂದೆ. ಓಡಿ ಎಂದರೆ ದ್ರವ ಎಷ್ಟು ಮಸುಕಾಗಿದೆ ಎಂದು ಬೆಳಕು ಹಾಯಿಸಿ ಅಳೆಯುವುದು. ಅದರಿಂದ ಬ್ಯಾಕ್ಟೀರಿಯಾ ಎಷ್ಟಿರಬಹುದೆಂದು ಅಂದಾಜು ಮಾಡುತ್ತೇವೆ.

"ಅದಲ್ಲ ಮಾರಾಯ್ತಿ. ಕಣ್ಣಲ್ಲಿ ನೋಡಿದ್ದೀಯಾ?"

ನೋಡಿರಲಿಲ್ಲ. ಮಾರನೇ ದಿನ ಎರಡೂ ತಳಿಯನ್ನು ಸ್ಲೈಡಿಗೆ ಹಚ್ಚಿ, ಕೊಂದು ಒಣಗಿಸಿ, ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಹಾಕಿ ಬಿಸಿಮಾಡಿ, ಆಮ್ಲದಲ್ಲಿ ತೊಳೆದು, ನೀಲಿ ಬಣ್ಣ ಹಾಕಿದೆವು. ನೂರು ವರ್ಷಕ್ಕೂ ಹಳೆಯ ಜೀಲ್-ನೀಲ್ಸನ್ ವಿಧಾನ, ಅಪ್ಪನ ಕಫಕ್ಕೂ ಇದನ್ನೇ ಮಾಡಿದ್ದರು. ಮೂಲ ತಳಿಯಲ್ಲಿ ನಸುಗೆಂಪು ಕಡ್ಡಿಗಳು ಬಿಡಿಬಿಡಿಯಾಗಿ ಹರಡಿದ್ದವು. ನನ್ನ ತಳಿ ಉಪ್ಪಿಟ್ಟಿನಲ್ಲಿ ರವೆ ಗಂಟುಕಟ್ಟಿದ ಹಾಗೆ ಉಂಡೆಉಂಡೆಯಾಗಿತ್ತು. ಒಂದೊಂದು ಉಂಡೆಯಲ್ಲಿ ಇಪ್ಪತ್ತೋ ಮೂವತ್ತೋ. ಅಣ್ಣ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು ಸುಮ್ಮನೆ ಪಕ್ಕಕ್ಕೆ ಸರಿದು ನಿಂತರು.

ಏನಾಗಿತ್ತೆಂದರೆ, ಈ ಬ್ಯಾಕ್ಟೀರಿಯಾದ ಹೊರಗೋಡೆ ಮೈಕೋಲಿಕ್ ಆಮ್ಲವೆಂಬ ಮೇಣದಂಥ ಕೊಬ್ಬಿನದು. ನೀರಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುವುದು ಅದರ ಸ್ವಭಾವ. ಅದಕ್ಕೇ ಬೆಳೆಸುವ ದ್ರವಕ್ಕೆ ಟ್ವೀನ್ 80 ಎಂಬ ಸಾಬೂನಿನಂಥ ವಸ್ತು ಸ್ವಲ್ಪ ಹಾಕುತ್ತೇವೆ. ಗೋಡೆಯ ಜೀನ್ ತೆಗೆದದ್ದರಿಂದ ನನ್ನ ತಳಿಗೆ ಆ ಟ್ವೀನ್ ಸಾಲುತ್ತಿರಲಿಲ್ಲ. ಮೂವತ್ತು ಬ್ಯಾಕ್ಟೀರಿಯಾದ ಉಂಡೆ ಪ್ಲೇಟಿನ ಮೇಲೆ ಬಿದ್ದರೆ ಬರುವುದು ಒಂದೇ ಕಾಲೊನಿ. ಮ್ಯಾಕ್ರೋಫೇಜಿನೊಳಗೆ ಹೋದದ್ದೂ ಅಷ್ಟಕ್ಕಷ್ಟೆ. ಕೋಶ ನುಂಗಿ ಕೊಂದದ್ದು, ನುಂಗದೆಯೇ ಬಿಟ್ಟದ್ದು, ನುಂಗಿದರೂ ಎಣಿಕೆಗೆ ಸಿಗದ್ದು, ಮೂರೂ ಮೂರನೇ ದಿನದ ಪ್ಲೇಟಿನಲ್ಲಿ ಒಂದೇ ತರ ಕಾಣುತ್ತವೆ. ಅವನ್ನು ಬೇರೆ ಮಾಡುವ ಪ್ಲೇಟು ಒಂದಿದೆ: ಅಮಿಕಾಸಿನ್ ತೊಳೆದ ಕೂಡಲೇ ಕೋಶ ಬೆಳೆಸುವ ತಟ್ಟೆಯ ಕೆಲವು ಗುಳಿಗಳ ಕೋಶ ಒಡೆದು ಹಚ್ಚುವ ಸೊನ್ನೆ ಗಂಟೆಯದ್ದು. ಎಷ್ಟು ಒಳಗೆ ಹೋಯಿತು ಎಂಬ ಲೆಕ್ಕ ಅದು. ಪ್ಲೇಟು ಉಳಿಸಲೆಂದು, ಓಡಿ ಸಮ ಇದೆ ಎಂಬ ಧೈರ್ಯದಲ್ಲಿ, ನಾನು ಅದನ್ನೇ ಬಿಟ್ಟಿದ್ದೆ.

ಪೋಸ್ಟರ್ ವಾಪಸು ಪಡೆದೆವು. ಮೇಡಂ ಬೈಯಲಿಲ್ಲ. "ಮೂರೂ ಪ್ರಯೋಗವನ್ನು ಮತ್ತೆ ಮಾಡೋಣ," ಎಂದರು. ಮೂರು ಪ್ರಯೋಗ ಎಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ತಿಂಗಳು. ಎರಡು ದಿನ ನನಗೆ ಊಟ ಸೇರಲಿಲ್ಲ. ಅಳುವೂ ಬಂತು. ಅಪ್ಪ ಕಾರಣ ಕೇಳಿದಾಗ ರವೆಯ ಉದಾಹರಣೆಯನ್ನೇ ಕೊಟ್ಟೆ. "ಗಂಟಾದರೆ ಒಗ್ಗರಣೆ ಹಾಕಿ ಪ್ರಯೋಜನ ಇಲ್ಲ, ಮೊದಲೇ ಬಿಡಿಸಬೇಕು," ಎಂದರು.

ಬಿಡಿಸುವುದು ಸುಲಭವಲ್ಲ. ಸಣ್ಣ ಸೂಜಿಯ ಸಿರಿಂಜಿನಲ್ಲಿ ಹತ್ತಾರು ಸಲ ಎಳೆದು ಬಿಡುವ ಹಳೆಯ ಪದ್ಧತಿ ಇದೆ. ನಮ್ಮ ಬಿಎಸ್‌ಎಲ್-3ರಲ್ಲಿ ಸೂಜಿಗೆ ಅನುಮತಿ ಇಲ್ಲ. ಚುಚ್ಚಿದರೆ ಕ್ಷಯವೇ ಮೈಗೆ ಹೊಕ್ಕಂತೆ. ಆ ನಿಯಮ ಸರಿ ಎಂದೇ ನನ್ನ ನಂಬಿಕೆ. ನಾನು ಕೊನೆಗೆ ನೆಚ್ಚಿಕೊಂಡ ಕ್ರಮ ಇದು: ಬ್ಯಾಕ್ಟೀರಿಯಾ ಇನ್ನೂ ಹುರುಪಿನಲ್ಲಿ ಬೆಳೆಯುತ್ತಿರುವಾಗಲೇ ತೆಗೆಯುವುದು, ದಟ್ಟವಾಗಲು ಬಿಡದಿರುವುದು. ಮುಚ್ಚಿದ ಟ್ಯೂಬಿನಲ್ಲಿ ಗಾಜಿನ ಮಣಿ ಹಾಕಿ ಮೆಲ್ಲಗೆ ಅಲುಗಿಸಿ, ಹನಿಗಳು ಕೂರಲಿ ಎಂದು ಮುಚ್ಚಳ ತೆರೆಯದೆ ಕಾಯುವುದು. ಆಮೇಲೆ ಕಡಿಮೆ ವೇಗದಲ್ಲಿ ಸೆಂಟ್ರಿಫ್ಯೂಜ್ ತಿರುಗಿಸಿದರೆ ಉಂಡೆಗಳು ತಳ ಸೇರುತ್ತವೆ, ಬಿಡಿ ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ. ಮೇಲಿನದನ್ನಷ್ಟೇ ತೆಗೆದುಕೊಂಡು ಸ್ಲೈಡ್ ಮಾಡಿ, ಅಣ್ಣ 'ಹ್ಞೂಂ' ಅಂದ ಮೇಲೆ ಕೋಶಕ್ಕೆ ಹಾಕುವುದು. ಹಾಕಿದ್ದನ್ನೂ ಪ್ಲೇಟಿಗೆ ಹಚ್ಚುವುದು, ಸೊನ್ನೆ ಗಂಟೆಯದನ್ನೂ ಹಚ್ಚುವುದು.

ಆ ನಾಲ್ಕು ತಿಂಗಳಲ್ಲಿ ಜುಲೈ ಬಂತು. ಹಿಂದ್‌ಮಾತಾದಲ್ಲಿ ಸೊಂಟದವರೆಗೆ ನೀರು ನಿಂತು ಲೋಕಲ್ ನಿಂತ ಒಂದು ರಾತ್ರಿ, 72 ಗಂಟೆಯ ಪ್ಲೇಟು ಹಚ್ಚಲೇಬೇಕೆಂದು ನಾನೂ ಅಣ್ಣನೂ ಲ್ಯಾಬಿನಲ್ಲೇ ಉಳಿದೆವು. ಮಳೆಗಾಲದ ಇನ್ನೊಂದು ಕಷ್ಟ ಬೂಷ್ಟು. ಮೂರು ವಾರ ಇಡುವ ಪ್ಲೇಟಿನ ಮೇಲೆ ಒಂದು ಬೀಜಕಣ ಬಿದ್ದರೂ ಕಾಲೊನಿ ಬರುವಷ್ಟರಲ್ಲಿ ಹಸಿರು ಹೊದಿಕೆ ತುಂಬಿರುತ್ತದೆ. ಹತ್ತು ಪ್ಲೇಟು ಹಾಗೆ ಹೋದವು.

ಉಳಿದವುಗಳಲ್ಲಿ ವ್ಯತ್ಯಾಸ ಇತ್ತು. ಮೊದಲಿನಷ್ಟಲ್ಲ, ಎಷ್ಟೋ ಚಿಕ್ಕದು. ಆದರೆ ಸೊನ್ನೆ ಗಂಟೆಯಲ್ಲಿ ಎರಡೂ ತಳಿ ಸರಿಸಮ, ಮೂರನೇ ದಿನಕ್ಕೆ ನನ್ನದು ಕಡಿಮೆ. ಅಷ್ಟಕ್ಕೇ ನಾನು ನಂಬಲಿಲ್ಲ. ಲ್ಯಾಬಿನಲ್ಲಿ ಮತ್ತೆಮತ್ತೆ ಬೆಳೆಸುವಾಗ ಕ್ಷಯದ ಬ್ಯಾಕ್ಟೀರಿಯಾ ಪಿಡಿಐಎಂ ಎಂಬ ಗೋಡೆಯ ಮೇಣವನ್ನು ತಾನಾಗಿಯೇ ಕಳೆದುಕೊಳ್ಳುವುದುಂಟು. ಕಳೆದುಕೊಂಡರೆ ಅದು ದುರ್ಬಲವಾಗುತ್ತದೆ, ಸಂಶೋಧಕರು ತಾವು ತೆಗೆದ ಜೀನೇ ಕಾರಣ ಎಂದುಕೊಳ್ಳುತ್ತಾರೆ. ಮೇಣ ಇದೆಯೇ ಎಂದು ಪರೀಕ್ಷಿಸಿದೆ, ಇತ್ತು. ತೆಗೆದ ಜೀನನ್ನು ಮತ್ತೆ ಒಳಗೆ ಕೂರಿಸಿ ನೋಡಿದೆ. ಬದುಕುವ ಶಕ್ತಿ ವಾಪಸು ಬಂತು. ಆ ದಿನ ಯಾರಿಗೂ ಫೋನ್ ಮಾಡಲಿಲ್ಲ, ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು ಸಹಿ ಹಾಕಿ ಅಣ್ಣನ ಪಕ್ಕ ಕೂತು ಚಹಾ ಕುಡಿದೆ.

ಈಗ ಕ್ಯಾನ್ಸರ್ ಕೋಶ ಬಿಟ್ಟು, ಒಪ್ಪಿಗೆ ಕೊಟ್ಟವರ ರಕ್ತದಿಂದ ಮಾನೊಸೈಟ್ ಎಂಬ ಬಿಳಿ ರಕ್ತಕೋಶಗಳನ್ನು ಬೇರ್ಪಡಿಸಿ ಒಂದು ವಾರ ಬೆಳೆಸಿದ ಮ್ಯಾಕ್ರೋಫೇಜಿನಲ್ಲಿ ಅದನ್ನೇ ಮಾಡುತ್ತಿದ್ದೇನೆ. ಇಲ್ಲಿ ಒಬ್ಬರ ಕೋಶದಂತೆ ಇನ್ನೊಬ್ಬರದ್ದಿಲ್ಲ. ಒಬ್ಬರದ್ದು ಬೇಗ ಟಿಎನ್‌ಎಫ್ ಎಂಬ ಸಂಕೇತದ ಪ್ರೋಟೀನು ಸುರಿಸುತ್ತದೆ, ಇನ್ನೊಬ್ಬರದ್ದು ಮೆಲ್ಲಗೆ. ಸಂಧಿವಾತಕ್ಕೆಂದು ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟಾಗ ಕೆಲವರಲ್ಲಿ ವರ್ಷಗಟ್ಟಲೆ ಮಲಗಿದ್ದ ಕ್ಷಯ ಎದ್ದದ್ದು ವೈದ್ಯರಿಗೆ ಗೊತ್ತಿರುವ ವಿಷಯ. ಬ್ಯಾಕ್ಟೀರಿಯಾವನ್ನು ಕಟ್ಟಿಹಾಕಿದ ಕೋಶಗಳ ಗೋಡೆ ನಿಂತಿರುವುದು ಆ ಸಂಕೇತದ ಬಲದಿಂದ. ಆ ಗೋಡೆಯೊಳಗೆ ಬೆಳೆಯದೆ, ಸಾಯದೆ ಕೂತ ಬ್ಯಾಕ್ಟೀರಿಯಾಕ್ಕೆ ಔಷಧಿ ನಿಧಾನವಾಗಿ ತಾಗುತ್ತದೆ. ಅಪ್ಪನ ಐದೂವರೆ ತಿಂಗಳು ಹೋದದ್ದು ಅಲ್ಲಿಗೆ. ಇದನ್ನು ಅವರಿಗೆ ಹೇಳಿದೆ. ಪೂರ್ತಿ ಕೇಳಿ, "ಹಾಗಾದರೆ ನನ್ನ ರಕ್ತ ತಕ್ಕೊ. ಅದಕ್ಕೆ ಆ ರೋಗದ ಪರಿಚಯ ಉಂಟು," ಎಂದರು. ಮೊದಲು ಟಿ.ಬಿ. ಆದವರ ರಕ್ತಕ್ಕೆ ನಮ್ಮ ಈ ಪ್ರಯೋಗದಲ್ಲಿ ಅನುಮತಿ ಇಲ್ಲ ಎಂದಾಗ ಅವರ ಮುಖ ಸಣ್ಣದಾಯಿತು.

ಅದಕ್ಕೆ ಬೇರೆ ಕೆಲಸ ಕೊಟ್ಟೆ. ಯಾವ ಪ್ಲೇಟು ಯಾವ ತಳಿಯದ್ದೆಂದು ಗೊತ್ತಿಲ್ಲದ ಇನ್ನೊಬ್ಬರು ಎಣಿಸುವುದು ನಮ್ಮಲ್ಲಿ ಕಡ್ಡಾಯ. ಲ್ಯಾಬಿನಲ್ಲಿ ಅದನ್ನು ಮಾಡುವ ಜೊತೆಗಾರ್ತಿ ಇದ್ದಾಳೆ. ಆದರೂ ಮುಚ್ಚಿದ ಪ್ಲೇಟುಗಳ ಫೋಟೋಗಳನ್ನು, ಅಂಕಿ ಮಾತ್ರ ಬರೆದು, ಮನೆಗೆ ತರುತ್ತೇನೆ. ಅಪ್ಪ ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು ಪರದೆಯ ಮೇಲೆ ಒಂದೊಂದೇ ಎಣಿಸಿ ಹೋಟೆಲಿನ ಹಳೆಯ ಡೈರಿಯಲ್ಲಿ ಬರೆದಿಡುತ್ತಾರೆ. ಹೋದ ಭಾನುವಾರ ಏಳನೇ ನಂಬರಿನ ಪ್ಲೇಟಿನಲ್ಲಿ ನಿಂತುಬಿಟ್ಟರು. "ಇದು ಒಂದಾ, ಎರಡಾ?" ಎಂದರು. ದೊಡ್ಡದೊಂದು ಕಾಲೊನಿ, ನಡುವೆ ಸಣ್ಣ ಸೊಂಟ ಇದ್ದ ಹಾಗೆ. ಫೋಟೋದಲ್ಲಿ ನನಗೂ ಹೇಳಲಾಗಲಿಲ್ಲ. ಸೋಮವಾರ ಗೌನ್ ತೊಟ್ಟು ಒಳಗೆ ಹೋಗಿ ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಎರಡು. ಸಂಜೆ ಬಂದು ಹೇಳಿದಾಗ ಅಪ್ಪ ಡೈರಿ ತೆಗೆದು 41 ಅನ್ನು ಹೊಡೆದು 42 ಎಂದು ಬರೆದರು.