ಅಂಡರ್-10 ಕಪ್ ತೆಗೆಸೋಕೆ ನಾಲ್ಕು ವರ್ಷ: ಜಿಲ್ಲಾ ಫುಟ್‌ಬಾಲ್ ಸಂಸ್ಥೆಯೊಳಗೆ ನನ್ನ ಅನುಭವ

ನಾನು ಮಕ್ಕಳಿಗೆ ಫುಟ್‌ಬಾಲ್ ಕಲಿಸೋನು. ಹತ್ತು ವರ್ಷದೊಳಗಿನ ಮಕ್ಕಳಿಗೆ ಒಂದು ಸೋತ್ರೆ ಔಟ್ ಅನ್ನೋ ಕಪ್ ನಿಲ್ಸಿ, ಎಲ್ಲ ಮಕ್ಕಳಿಗೂ ಬಾಲ್ ಸಿಗೋ ಆಟ ತರೋಕೆ ನಮ್ಮ ಜಿಲ್ಲಾ ಸಂಸ್ಥೆಯೊಳಗೆ ಓಡಾಡಿದ ಕಥೆ ಇದು. ಕೋಚಿಂಗ್‌ನ ಡಿ ಲೈಸೆನ್ಸ್ ಮಾಡ್ಕೊಂಡಿದೀನಿ, ಬೆಳಿಗ್ಗೆ ಆರಕ್ಕೆ ಗ್ರೌಂಡು, ಎಂಟೂವರೆಗೆ ಅಲ್ಲಿಂದ ಹೊಟ್ಟೆಪಾಡಿನ ಕೆಲ್ಸಕ್ಕೆ ಓಟ. ಜಿಲ್ಲೆ ಹೆಸ್ರು ಬರೆಯಲ್ಲ, ಯಾಕಂದ್ರೆ ಯಾರ ಜೊತೆ ಜಗಳ ಆಡಿದ್ನೋ ಅವ್ರ ಜೊತೆನೇ ಈಗ್ಲೂ ಕೂತು ಟೀ ಕುಡಿತೀನಿ, ಅವ್ರೂ ಆಟದ ಮೇಲೆ ಪ್ರೀತಿ ಇರೋ ಜನಾನೇ.

2017ರ ಅಕ್ಟೋಬರ್‌ನಲ್ಲಿ ಅಂಡರ್-17 ವರ್ಲ್ಡ್ ಕಪ್ ನಮ್ಮ ದೇಶದಲ್ಲೇ ನಡೀತಲ್ಲ, ದೆಹಲಿಯಲ್ಲಿ ಕೊಲಂಬಿಯಾ ಮೇಲೆ ಜೀಕ್ಸನ್ ಸಿಂಗ್ ಹೆಡ್ ಮಾಡಿದ ಗೋಲು ಫಿಫಾ ವರ್ಲ್ಡ್ ಕಪ್ಪಲ್ಲಿ ಭಾರತದ ಮೊದಲ್ನೇ ಗೋಲು, ಆ ಕಾರ್ನರ್ ಒದ್ದಿದ್ದು ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ಆಮೇಲೆ ನಮ್ಮ ಗ್ರೌಂಡಿಗೆ ಮಕ್ಕಳು ತಂಡತಂಡವಾಗಿ ಬರೋಕೆ ಶುರುವಾದ್ರು. ಆದ್ರೆ ಅವ್ರಿಗೆ ಆಡೋಕೆ ಇದ್ದಿದ್ದು ವರ್ಷಕ್ಕೊಂದು ನಾಕ್‌ಔಟ್ ಟೂರ್ನಮೆಂಟ್ ಅಷ್ಟೇ.

ಆ ವರ್ಷದ ಅಂಡರ್-10 ಮ್ಯಾಚ್ ಒಂದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ದೊಡ್ಡವರ ಪೂರ್ತಿ ಗ್ರೌಂಡು, ಹನ್ನೊಂದು ಹನ್ನೊಂದು ಮಕ್ಕಳು, 24 ಅಡಿ ಅಗಲ 8 ಅಡಿ ಎತ್ತರದ ಗೋಲ್‌ಪೋಸ್ಟು, ಅದರ ಕೆಳಗೆ ನಾಲ್ಕಡಿ ಮಗು ಎರಡೂ ಕೈ ಎತ್ತಿ ನಿಂತಿದೆ. ನಾನು ನಮ್ಮ ರೈಟ್ ಬ್ಯಾಕ್, ಅಂದ್ರೆ ಹಿಂದೆ ಬಲಗಡೆ ಆಡೋ ಹುಡುಗನ್ನ ಮಾತ್ರ ನೋಡ್ತಾ, ಅವನ ಕಾಲಿಗೆ ಬಾಲ್ ಸಿಕ್ಕಾಗೆಲ್ಲ ಬಸ್ ಟಿಕೆಟ್ ಹಿಂದೆ ಒಂದೊಂದು ಗೆರೆ ಎಳೀತಾ ಹೋದೆ. 40 ನಿಮಿಷದ ಆಟ ಮುಗಿದಾಗ ಆರು ಗೆರೆ ಇತ್ತು. ಮ್ಯಾಚ್ ಸೋತ್ವಿ, ಅಲ್ಲಿಗೆ ಆ ಮಗುವಿನ ಇಡೀ ವರ್ಷದ ಫುಟ್‌ಬಾಲ್ ಮುಗೀತು. ಅವರಪ್ಪ ಅರ್ಧ ದಿನದ ಕೂಲಿ ಬಿಟ್ಟು ನೋಡೋಕೆ ಬಂದಿದ್ರು, ವಾಪಸ್ ಹೋಗ್ತಾ "ನಮ್ ಹುಡ್ಗ ಆಡಿದ್ನಾ ಸರ್?" ಅಂತ ಕೇಳಿದ್ರು, ನನ್ ಹತ್ರ ಉತ್ತರ ಇರ್ಲಿಲ್ಲ.

ಮೊದಮೊದಲು ನಾನೂ ಎಲ್ಲರ ಥರ ಪದಾಧಿಕಾರಿಗಳನ್ನ ಬೈಕೊಂಡು ಓಡಾಡ್ತಿದ್ದೆ. ಆಮೇಲೆ ಒಬ್ರು ಹಿರಿಯ ರೆಫರಿ, "ಬೈಲಾ ಓದಿದೀರಾ?" ಅಂದ್ರು. ಸಂಸ್ಥೆ ನಡೆಯೋ ನಿಯಮಗಳ ಪುಸ್ತಕ ಅದು, ನಾನು ಓದಿರ್ಲಿಲ್ಲ. ನಮ್ಮಂಥ ಸಂಸ್ಥೆಗಳು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ರಿಜಿಸ್ಟರ್ ಆಗಿರ್ತವೆ, ಹಾಗಾಗಿ ರಿಜಿಸ್ಟ್ರಾರ್ ಆಫೀಸಲ್ಲಿ ಅರ್ಜಿ ಕೊಟ್ಟು ಫೀಸ್ ಕಟ್ಟಿ ಕಾಪಿ ತಗೊಂಡೆ. ಅದನ್ನ ಓದಿದ ರಾತ್ರಿ ವಿಷ್ಯ ತಲೆಗೆ ಹೋಯ್ತು. ವೋಟು ಇರೋದು ಕ್ಲಬ್‌ಗಳಿಗೆ. ಕ್ಲಬ್ ಅಂದ್ರೆ ಸೀನಿಯರ್ ಟೀಮು, ಅದ್ರಲ್ಲೂ ಎಷ್ಟೋ ಕ್ಲಬ್ ಎಲೆಕ್ಷನ್ ದಿನ ಬಿಟ್ರೆ ಗ್ರೌಂಡ್ ಕಡೆ ತಲೆನೂ ಹಾಕಲ್ಲ. ಮಕ್ಕಳ ಟೀಮ್ ನಡೆಸೋಕೆ ಬೈಲಾದಲ್ಲಿ ಯಾವ ಕಾರಣಾನೂ ಇರ್ಲಿಲ್ಲ, ನಡೆಸದೇ ಇದ್ರೆ ಯಾವ ನಷ್ಟಾನೂ ಇರ್ಲಿಲ್ಲ. ಮೇಲಕ್ಕೆ ಹೋದ್ರೂ ಆಗ ಇದೇ ಕಥೆ, 2022ರ ಸೆಪ್ಟೆಂಬರ್ 2ಕ್ಕೆ ದೇಶದ ಫುಟ್‌ಬಾಲ್ ನಡೆಸೋ ಸಂಸ್ಥೆಯಾದ ಎಐಎಫ್‌ಎಫ್ ಅಧ್ಯಕ್ಷರ ಎಲೆಕ್ಷನ್ನಲ್ಲಿ ಕಲ್ಯಾಣ್ ಚೌಬೆ 33-1ರಲ್ಲಿ ಗೆದ್ರಲ್ಲ, ಆ 34 ವೋಟು ರಾಜ್ಯ ಸಂಸ್ಥೆಗಳದ್ದು. ವೋಟಿನ ಲೆಕ್ಕದಲ್ಲಿ ಇಲ್ಲದ ಮಗು ಅಜೆಂಡಾದಲ್ಲೂ ಕೊನೇಲೇ ಬರುತ್ತೆ, ಎಷ್ಟೋ ಸಲ ಅಲ್ಲಿಗೆ ಬರೋಷ್ಟರಲ್ಲಿ ಊಟದ ಹೊತ್ತಾಗಿರುತ್ತೆ.

ಆದ್ರೆ ಮೊದ್ಲೇ ಹೋಗಿ ವೋಟಿನ ರೂಲ್ಸ್ ಬದಲಾಯ್ಸಿ ಅಂದಿದ್ರೆ ಬಾಗಿಲಿಂದಾನೇ ವಾಪಸ್ ಕಳಿಸ್ತಿದ್ರು. ನಾನು ಕೇಳಿದ್ದು ಆರು ಭಾನುವಾರ ಗ್ರೌಂಡು, ಅಷ್ಟೇ, ಸಂಸ್ಥೆಗೆ ಒಂದು ರೂಪಾಯಿ ಖರ್ಚಿಲ್ಲ. 2018ರಲ್ಲಿ ಎಐಎಫ್‌ಎಫ್ ಗೋಲ್ಡನ್ ಬೇಬಿ ಲೀಗ್ ಶುರು ಮಾಡಿತ್ತು, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ, ಹುಡುಗ ಹುಡುಗಿ ಸೇರಿ ಆಡೋ ಚಿಕ್ಕ ಚಿಕ್ಕ ಟೀಮು, ತಿಂಗಳುಗಟ್ಟಲೆ ನಡೆಯೋ ಲೀಗು, ಹಾಗಾಗಿ ಇದು ನನ್ನ ತಲೆಯಿಂದ ಬಂದಿದ್ದಲ್ಲ ಮೇಲಿನವರೇ ಹೇಳಿರೋದು ಅಂತ ತೋರ್ಸೋಕೆ ಒಂದು ಕಾಗದ ಸಿಕ್ತು. ಬೆಲ್ಜಿಯಂ ಉದಾಹರಣೆನೂ ಹೇಳ್ದೆ. ಅವ್ರು 2000ದ ಯೂರೋ ಕಪ್ಪನ್ನ ನೆದರ್‌ಲ್ಯಾಂಡ್ಸ್ ಜೊತೆ ತಾವೇ ನಡೆಸಿ ಗ್ರೂಪಲ್ಲೇ ಔಟ್ ಆದ್ಮೇಲೆ, ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಮಿಷೆಲ್ ಸಾಬ್ಲೋನ್ ಮುಂದಾಳತ್ವದಲ್ಲಿ ಚಿಕ್ಕ ಮಕ್ಕಳಿಗೆ ಎರಡಕ್ಕೆರಡು, ಐದಕ್ಕೈದು, ಎಂಟಕ್ಕೆಂಟು ಅಂತ ವಯಸ್ಸಿಗೆ ತಕ್ಕ ಆಟ ತಂದ್ರು, ಅಂಡರ್-7 ಅಂಡರ್-8ಗೆ ಪಾಯಿಂಟ್ಸ್ ಟೇಬಲ್ಲೇ ತೆಗೆದ್ರು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು, "ಕಪ್ ಇಲ್ಲ ಅಂದ್ರೆ ಯಾವ ಅಪ್ಪ ಅಮ್ಮ ಮಕ್ಕಳನ್ನ ಕಳಿಸ್ತಾರೆ ಮೇಷ್ಟ್ರೇ?" ಅಂದ್ರು. ಆರು ಭಾನುವಾರ ನೋಡೋಣ ಸರ್ ಅಂದೆ.

ಒಂದೇ ಗ್ರೌಂಡನ್ನ ಸುಣ್ಣದ ಪುಡಿ ಹಾಕಿ ನಾಲ್ಕು ಭಾಗ ಮಾಡಿದ್ವಿ, ಪ್ಲಂಬಿಂಗ್ ಪೈಪಲ್ಲಿ ಎಂಟು ಚಿಕ್ಕ ಗೋಲ್ ಕಟ್ಟಿದ್ವಿ, ಐದಕ್ಕೈದು ಆಟ, ಬೆಂಚಲ್ಲಿ ಕೂರೋ ಮಗುನೇ ಇಲ್ಲ. ಗಾಳಿಗೆ ಪೈಪ್ ಗೋಲು ಬೀಳ್ತಿದ್ವು, ಒಳಗೆ ಮರಳು ತುಂಬಿಸಿದ್ಮೇಲೆ ನಿಂತ್ವು. ಪಿಯುಸಿ ಹುಡುಗ್ರು ಇಬ್ರನ್ನ ಕೂರಿಸಿ, ಒಂದೊಂದು ಮಗುವಿಗೆ ಎಷ್ಟು ಸಲ ಬಾಲ್ ಸಿಗುತ್ತೆ ಅಂತ ನೋಟ್‌ಬುಕ್ಕಲ್ಲಿ ಗೆರೆ ಎಳೆಸಿದೆ. ಆ ರೈಟ್ ಬ್ಯಾಕ್ ಹುಡುಗನ ಹೆಸರಿನ ಮುಂದೆ ಗೆರೆಗಳು ಒಂದು ಸಾಲು ತುಂಬಿ ಕೆಳಗಿನ ಸಾಲಿಗೆ ಇಳಿದಿದ್ವು. ಆ ನೋಟ್‌ಬುಕ್ಕು, ಹಳೇ ಬಸ್ ಟಿಕೆಟ್ಟು, ಎರಡನ್ನೂ ಕಮಿಟಿ ಮುಂದೆ ಇಟ್ಟೆ, ನಾನು ಜಾಸ್ತಿ ಮಾತಾಡ್ಲಿಲ್ಲ. ಆರನೇ ಭಾನುವಾರ ಕಾರ್ಯದರ್ಶಿಗಳು ಮೊಮ್ಮಗಳನ್ನ ಕರ್ಕೊಂಡು ಬಂದಿದ್ರು.

ವೋಟಿನ ವಿಷ್ಯ ಇಷ್ಟು ಸಲೀಸಾಗಿ ಆಗ್ಲಿಲ್ಲ. ಹಿಂದಿನ ಸೀಸನ್ನಲ್ಲಿ ಅಂಡರ್-13 ಅಥವಾ ಅದಕ್ಕಿಂತ ಚಿಕ್ಕ ಮಕ್ಕಳ ಟೀಮ್ ಒಂದಾದ್ರೂ ಆಡಿಸಿದ ಕ್ಲಬ್‌ಗೆ ಮಾತ್ರ ವೋಟು, ಇದು ನನ್ನ ತಿದ್ದುಪಡಿ. 2019ರ ಎಜಿಎಂನಲ್ಲಿ, ಅಂದ್ರೆ ವರ್ಷದ ಸಭೆಯಲ್ಲಿ ಬಿದ್ದೋಯ್ತು, ಅದ್ರಲ್ಲಿ ನನ್ನ ತಪ್ಪೂ ಇತ್ತು, ಯಾಕಂದ್ರೆ ಸಭೆಗೆ ಮುಂಚೆ ನಾನು ಒಬ್ಬರ ಮನೆಗೂ ಹೋಗಿರ್ಲಿಲ್ಲ, ನ್ಯಾಯ ನಮ್ ಕಡೆ ಇದೆ ಅಂತ ನಂಬ್ಕೊಂಡು ಕೂತಿದ್ದೆ. ಆಮೇಲೆ ಕೋವಿಡ್ಡು. 2021ರಲ್ಲಿ ಒಂದೊಂದು ಕ್ಲಬ್‌ಗೂ ಹೋದೆ, ಕೆಲವರಿಗೆ ನಿಜವಾಗ್ಲೂ ಕಷ್ಟ ಇತ್ತು, ಕೋಚ್ ಇಲ್ಲ, ಬಾಲ್ ಇಲ್ಲ. ಅಂಥವ್ರಿಗೆ ಎರಡು ಸೀಸನ್ ಟೈಮ್ ಕೊಡೋಣ, ಎರಡು ಕ್ಲಬ್ ಸೇರಿ ಒಂದು ಮಕ್ಕಳ ಟೀಮ್ ಮಾಡಿದ್ರೂ ನಡೆಯುತ್ತೆ ಅಂತ ಸೇರಿಸಿದೆ.

ಪಾಸಾಗಿದ್ದು 2022ರಲ್ಲಿ, ಅದಕ್ಕೆ ಒಂದು ದೊಡ್ಡ ಏಟು ಬೇಕಾಯ್ತು. ಆ ಆಗಸ್ಟ್‌ನಲ್ಲಿ ಫಿಫಾ ಎಐಎಫ್‌ಎಫ್‌ನ ಆಡಳಿತದಲ್ಲಿ ಹೊರಗಿನವರ ಕೈ ಇದೆ ಅಂತ ಸಸ್ಪೆಂಡ್ ಮಾಡ್ತು, ಹನ್ನೊಂದು ದಿನದ ಮೇಲೆ 26ಕ್ಕೆ ತೆಗೀತು. ಆ ಮಧ್ಯೆ ಗೋಕುಲಂ ಕೇರಳದ ಹೆಣ್ಮಕ್ಕಳು ಏಷ್ಯಾದ ಕ್ಲಬ್ ಟೂರ್ನಮೆಂಟ್ ಆಡೋಕೆ ತಾಷ್ಕೆಂಟ್‌ವರೆಗೂ ಹೋಗಿ, ಆಡ್ದೇನೇ ವಾಪಸ್ ಬರ್ಬೇಕಾಯ್ತು. ಅಕ್ಟೋಬರ್‌ನಲ್ಲಿ ಇಲ್ಲೇ ನಡೀಬೇಕಿದ್ದ ಹುಡುಗೀರ ಅಂಡರ್-17 ವರ್ಲ್ಡ್ ಕಪ್ಪೂ ಕೈ ತಪ್ಪೋ ಹಂಗಾಗಿತ್ತು. ನಮ್ಮ ಅಂಡರ್-12 ಹುಡುಗಿ ಒಬ್ಳು "ಸರ್, ನಾವೂ ಆಡೋ ಹಾಗಿಲ್ವಾ?" ಅಂತ ಕೇಳಿದ್ಳು. ಅದನ್ನ ಸಭೆಯಲ್ಲಿ ಹಂಗೇ ಹೇಳ್ದೆ. ದೊಡ್ಡವರ ಕುರ್ಚಿ ಜಗಳದಲ್ಲಿ ಆಟ ನಿಲ್ಲುತ್ತೆ ಅನ್ನೋದು ಆ ತಿಂಗಳು ಯಾರಿಗೂ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ. ಅಂಡರ್-10 ಕಪ್ ತೆಗೆಯೋದೂ ಅದೇ ಸಭೆಯಲ್ಲಿ ಪಾಸಾಯ್ತು.

ವಯಸ್ಸಿನ ಮೋಸದ ಬಗ್ಗೆ ಒಂದ್ಮಾತು. ನಮ್ಮಪ್ಪನ ಕಾಲದಲ್ಲಿ ಹೆಡ್‌ಮಾಸ್ಟರ್ ಬರೆದಿದ್ದೇ ಹುಟ್ಟಿದ ದಿನ, ಅರ್ಧ ಊರು ಜೂನ್ 1ಕ್ಕೆ ಹುಟ್ಟಿರೋದು. ಈಗಿಂದು ಹಂಗಲ್ಲ, ಬೇಕಂತಲೇ ಮಾಡೋದು, ಮೀಸೆ ಚಿಗುರಿದ ಹುಡುಗ ಅಂಡರ್-13ಗೆ ಹೊಸಾ ಬರ್ತ್ ಸರ್ಟಿಫಿಕೇಟ್ ಹಿಡ್ಕೊಂಡು ಬರ್ತಾನೆ. ರಾಷ್ಟ್ರ ಮಟ್ಟದಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದು ಟಿಡಬ್ಲ್ಯೂ3 ಅಂತ ಮೂಳೆ ವಯಸ್ಸು ನೋಡ್ತಾರೆ, ಜಿಲ್ಲೆಯಲ್ಲಿ ಅಷ್ಟು ದುಡ್ಡೆಲ್ಲಿ? ನಾವು ಮಾಡಿದ್ದು ಇಷ್ಟೇ: ಹುಟ್ಟಿ ಒಂದು ವರ್ಷದೊಳಗೆ ನೋಂದಣಿ ಆಗಿರೋ ಸರ್ಟಿಫಿಕೇಟ್ ಸರಿ, ತಡವಾಗಿ ಮಾಡ್ಸಿದ್ರೆ ಒಂದನೇ ಕ್ಲಾಸಿನ ದಾಖಲಾತಿ ರಿಜಿಸ್ಟರ್ ಪ್ರತಿ ಬೇಕು. ಪೂರ್ತಿ ನಿಂತಿಲ್ಲ. ಆದ್ರೆ ಕಪ್ ಇಲ್ಲದ ಅಂಡರ್-10ನಲ್ಲಿ ಒಂದೇ ಒಂದು ತಕರಾರೂ ಬಂದಿಲ್ಲ, ಗೆಲ್ಲೋಕೆ ಏನೂ ಇಲ್ಲದಾಗ ಯಾರು ವಯಸ್ಸು ಇಳಿಸ್ಕೊಂಡು ಬರ್ತಾರೆ?

ಇದೇ ಕೆಲ್ಸ ಮಾಡೋ ಕೋಚ್‌ಗಳಿಗೆ ಕೈ ಮುಗಿದು ಹೇಳ್ತೀನಿ, ಪ್ರತಿ ಮಗುನೂ ಪ್ರತಿ ಸೀಸನ್ ಸಂಸ್ಥೆಯ ಆನ್‌ಲೈನ್ ಸಿಸ್ಟಮ್ಮಲ್ಲಿ ರಿಜಿಸ್ಟರ್ ಮಾಡ್ಸಿ. ಫಿಫಾ ನಿಯಮದ ಪ್ರಕಾರ ಆಟಗಾರ ದೇಶ ಬಿಟ್ಟು ದೇಶಕ್ಕೆ ಟ್ರಾನ್ಸ್‌ಫರ್ ಆದಾಗ ಆ ದುಡ್ಡಲ್ಲಿ 5 ಪರ್ಸೆಂಟ್, ಅವನನ್ನ 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚ್ಬೇಕು. ನಮ್ಮ ಹುಡುಗ ಒಬ್ಬ ದೊಡ್ಡ ಕ್ಲಬ್ಬಿನ ಅಕಾಡೆಮಿಗೆ ಹೋದ, ಅವನು ಹನ್ನೆರಡರಿಂದ ಹದಿನಾಲ್ಕರವರೆಗೆ ನಮ್ಮ ಹತ್ರಾನೇ ಇದ್ದ ಅಂತ ತೋರ್ಸೋಕೆ ನನ್ ಹತ್ರ ಇರೋದು ಒಂದು ಗ್ರೂಪ್ ಫೋಟೋ ಮಾತ್ರ.

ರಾಜ್ಯ ಮಟ್ಟದ ಸೆಲೆಕ್ಷನ್ ಟ್ರಯಲ್ಸ್ ವಿಷ್ಯದಲ್ಲಿ ಏನೂ ಮಾಡೋಕಾಗಿಲ್ಲ, ಇನ್ನೂರು ಮಕ್ಕಳನ್ನ ಎರಡು ದಿನದಲ್ಲಿ ನೋಡಿ ಆರಿಸೋದು ನನಗೆ ಈಗ್ಲೂ ಒಪ್ಪಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಎಐಎಫ್‌ಎಫ್ ಹೊಸ ಸಂವಿಧಾನದಲ್ಲಿ ಮಾಜಿ ಆಟಗಾರರಿಗೆ ಜಾಗ ಸಿಕ್ಕಿದೆ, ಅದು ಕೆಳಗೂ ಇಳಿದು ಬರ್ಬೇಕು. ನಮ್ಮ ಮುಂದಿನ ಎಜಿಎಂಗೆ ನಾನು ಕೊಟ್ಟಿರೋದು ಒಂದೇ ಸಾಲು: ಫೆಬ್ರವರಿ, ಮಾರ್ಚ್‌ನಲ್ಲಿ ಸ್ಕೂಲ್ ಪರೀಕ್ಷೆ ಇರುತ್ತೆ, ಆಗ ಅಂಡರ್-13 ಮ್ಯಾಚ್ ಇಡಬಾರದು. ಈ ಸಲ ಸಭೆಗೆ ಎರಡು ತಿಂಗಳ ಮುಂಚೆನೇ ಎಲ್ಲರ ಮನೆಗೂ ಹೋಗ್ತಿದೀನಿ, ಒಂಬತ್ತು ಕ್ಲಬ್ ಆಯ್ತು, ಇನ್ನೈದು ಬಾಕಿ ಇದೆ.