ರಾಮೋಜಿ ಫಿಲ್ಮ್ ಸಿಟಿಗೆ ಪುಟ್ಟ ಮಕ್ಕಳನ್ನು ಕರೆದೊಯ್ಯುವುದು ಹೇಗೆ?

ಕಲಬುರಗಿ, ಬೀದರ್, ರಾಯಚೂರು ಕಡೆಯ ಮನೆಗಳಲ್ಲಿ ಮಕ್ಕಳಿಗೆ ರಜೆ ಬಿತ್ತೆಂದರೆ ಹೈದರಾಬಾದ್ ಮಾತು ಶುರು, ಹೈದರಾಬಾದ್ ಎಂದಮೇಲೆ ರಾಮೋಜಿ ಬರಲೇಬೇಕು. ಹೈದರಾಬಾದ್ ಬೀದರಿನಿಂದ ಸುಮಾರು 140 ಕಿ.ಮೀ., ಕಲಬುರಗಿಯಿಂದ 220ರ ಆಸುಪಾಸು. ನಮಗೆ ಬೆಂಗಳೂರೇ ದೂರ. ಆದರೆ ಹೈಸ್ಕೂಲಿನ ಹುಡುಗರು ಶಾಲೆಯ ಟ್ರಿಪ್ಪಿನಲ್ಲಿ ಕೂಗಾಡುತ್ತ ಹೋಗಿ ಬರುವುದು ಬೇರೆ, ಮೂರರಿಂದ ಏಳು ವರ್ಷದ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗುವುದು ಬೇರೆ. ನಾವು ಎರಡು ಸಲ ಹೋಗಿದ್ದೇವೆ. ಮೊದಲ ಸಲ ಟಿಕೆಟ್ಟಿನ ದುಡ್ಡು ದಂಡವಾಗಬಾರದೆಂದು ಒಂದೂ ಬಿಡದೆ ನೋಡಿದೆವು. ನಾಲ್ಕು ವರ್ಷದ ಮಗನಿಗೆ ಆ ದಿನದಿಂದ ನೆನಪುಳಿದದ್ದು ಕೈ ತೊಳೆದ ನಲ್ಲಿ ಮಾತ್ರ. ಎರಡನೇ ಸಲ ಅರ್ಧದಷ್ಟನ್ನು ಬಿಟ್ಟೆವು. ಕೆಳಗಿರುವುದು ಆ ಎರಡನೇ ಸಲದ ಲೆಕ್ಕ.

ಹೊರಡುವ ಒಂದು ವಾರ ಮೊದಲು: ಒಂದು ರಟ್ಟಿನ ಡಬ್ಬ, ಎರಡು ತೆಂಗಿನ ಚಿಪ್ಪು

'ಈನಾಡು' ಪತ್ರಿಕೆ ಕಟ್ಟಿದ ರಾಮೋಜಿ ರಾವ್ 1996ರಲ್ಲಿ ಶುರು ಮಾಡಿದ ಜಾಗ ಇದು. ಅವರು 2024ರ ಜೂನ್‌ನಲ್ಲಿ ತೀರಿಕೊಂಡರು. 1,666 ಎಕರೆಯ ಈ ಸ್ಟುಡಿಯೊ ಜಗತ್ತಿನಲ್ಲೇ ಅತಿ ದೊಡ್ಡದೆಂದು ಗಿನ್ನೆಸ್ ದಾಖಲೆಯಲ್ಲಿದೆ. (ಈಗಿನ ಕಲರ್ಸ್ ಕನ್ನಡ 2000ದಲ್ಲಿ ಈಟಿವಿ ಕನ್ನಡವಾಗಿ ಹುಟ್ಟಿದ್ದು ಇದೇ ಬಳಗದಿಂದ ಎಂದು ಹೇಳಿ ನೋಡಿ, ಮನೆಯ ಹಿರಿಯರೂ ಹೊರಟು ನಿಲ್ಲುತ್ತಾರೆ.) ಒಳಗೆ ನಡೆದು ಮುಗಿಯುವ ಮಾತಿಲ್ಲ. ಬಸ್ಸಿನಲ್ಲಿ ಕೂರಿಸಿಕೊಂಡು, ಮೈಕ್ ಹಿಡಿದ ಗೈಡ್ ಜೊತೆಗೆ ಸೆಟ್ಟುಗಳನ್ನು ತೋರಿಸುತ್ತಾರೆ. ವಿಮಾನ ನಿಲ್ದಾಣ, ರೈಲ್ವೆ ಸ್ಟೇಷನ್ನು, ಜೈಲು, ವಿದೇಶದ ಬೀದಿ, ಅರಮನೆ, ಎಲ್ಲವೂ ಮುಂದಿನಿಂದ ಮಾತ್ರ. ಹಿಂದೆ ಹೋದರೆ ಕಬ್ಬಿಣದ ಆಸರೆ, ಪ್ಲೈವುಡ್ಡು.

ದೊಡ್ಡವರಿಗೆ ಮಜಾ ಇರುವುದೇ ಅಲ್ಲಿ. ನಾಲ್ಕು ವರ್ಷದವರಿಗೆ ಅದೇ ಅನ್ಯಾಯ. ಏರ್‌ಪೋರ್ಟ್ ಸೆಟ್ಟಿನ ಮುಂದೆ ಬಸ್ಸು ನಿಧಾನವಾದಾಗ ನಮ್ಮವನು ಎದ್ದು ನಿಂತು, "ಅವ್ವಾ, ವಿಮಾನ ಯಾವಾಗ ಹಾರ್ತದ?" ಎಂದ. ಹಾರಲ್ಲ, ಇದು ಸುಳ್ಳು ಏರ್‌ಪೋರ್ಟು ಎಂದೆ. ಮತ್ಯಾಕ ಕರಕೊಂಡು ಬಂದಿ ಎಂದು ಶುರುವಾದ ಅಳು ಮುಂದಿನ ಮೂರು ಸೆಟ್ಟು ದಾಟಿತು. ತಪ್ಪು ನಮ್ಮದೇ. 'ಸೆಟ್' ಅಂದರೇನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಎರಡನೇ ಸಲ ಮನೆಯಲ್ಲೇ ತಯಾರಿ ಮಾಡಿದೆವು. ಫ್ಯಾನ್ ಬಂದಿದ್ದ ರಟ್ಟಿನ ಡಬ್ಬದ ಒಂದು ಮಗ್ಗುಲು ಕತ್ತರಿಸಿ, ಅದರ ಮೇಲೆ ಬಾಗಿಲು, ಕಿಟಕಿ, ತುಳಸಿಕಟ್ಟೆ ಬರೆದು, ಅಂಗಳದಲ್ಲಿ ಎರಡು ಕೊಡಗಳಿಗೆ ಆನಿಸಿ ನಿಲ್ಲಿಸಿದೆವು. ಮುಂದೆ ಮಗನನ್ನು ನಿಲ್ಲಿಸಿ ಮೊಬೈಲಿನಲ್ಲಿ ವಿಡಿಯೊ ತೆಗೆದು ತೋರಿಸಿದರೆ ಸಾಕ್ಷಾತ್ ಮನೆ. ಆಮೇಲೆ ಹಿಂದೆ ಕರೆದೊಯ್ದು ಕೊಡ ತೋರಿಸಿದೆ. ಅವನು ಮುಂದೆ ಬಂದ, ಹಿಂದೆ ಹೋದ, ಮತ್ತೆ ಮುಂದೆ ಬಂದ. ಅರ್ಧ ಗಂಟೆ ಅದೇ ಕೆಲಸ. ಮರುದಿನ ಎರಡು ತೆಂಗಿನ ಚಿಪ್ಪನ್ನು ಕಟ್ಟೆಯ ಕಲ್ಲಿನ ಮೇಲೆ ಟಕಟಕ ಬಡಿದು, ಕಣ್ಣು ಮುಚ್ಚಿಸಿ, ಏನು ಬಂತು ಹೇಳು ಎಂದೆವು. ಕುದುರೆ ಎಂದ. ಪ್ರವಾಸದ ಮುಕ್ಕಾಲು ಪಾಲು ಕಷ್ಟ ಅಲ್ಲಿಗೇ ಇಳಿಯಿತು.

ದಿನ ಮತ್ತು ಟಿಕೆಟ್

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡ, ಜಾತ್ರೆಯಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೈದರಾಬಾದಿನ ಬಿಸಿಲು ನಮ್ಮ ಕಲಬುರಗಿಯ ಬಿಸಿಲಿಗೆ ಅಣ್ಣನೋ ತಮ್ಮನೋ. ಬಂಡೆ ನೆಲ ಬೇರೆ, ಮಧ್ಯಾಹ್ನ ಕೆಳಗಿನಿಂದಲೂ ಕಾಯುತ್ತದೆ. ಸಾಧ್ಯವಾದರೆ ವಾರದ ನಡುವಿನ ದಿನ ಹೋಗಿ.

ಟಿಕೆಟ್ ಆನ್‌ಲೈನಿನಲ್ಲಿ ತೆಗೆದುಕೊಳ್ಳಿ. ಮಕ್ಕಳ ಟಿಕೆಟ್ ನಿರ್ಧಾರವಾಗುವುದು ಎತ್ತರದ ಮೇಲೆ, ವಯಸ್ಸಿನ ಮೇಲಲ್ಲ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಟೇಪು ಹಿಡಿದು, ವೆಬ್‌ಸೈಟಿನಲ್ಲಿರುವ ಅಳತೆಗೆ ಹೋಲಿಸಿಯೇ ಬುಕ್ ಮಾಡಿ. ಸಾಮಾನ್ಯ ಟಿಕೆಟ್ ಅಲ್ಲದೆ ಎಸಿ ಬಸ್ಸು, ಊಟ ಸೇರಿದ ದುಬಾರಿ ಪ್ಯಾಕೇಜೂ ಇರುತ್ತದೆ. ಬೇಸಿಗೆಯಲ್ಲಿ, ಎಳೆಯ ಕೂಸಿನೊಂದಿಗೆ ಹೋಗುವುದೇ ಆದರೆ ಆ ದುಡ್ಡು ಕೊಡಿ. ಚಳಿಗಾಲದಲ್ಲಿ ಅದು ಬೇಕಿಲ್ಲ, ತೆರೆದ ಬಸ್ಸಿನ ಗಾಳಿಯೇ ಚೆಂದ.

ಹಿಂದಿನ ರಾತ್ರಿ ಹೈದರಾಬಾದಿನಲ್ಲಿ ಇರಿ

ನಸುಕಿನಲ್ಲಿ ಊರು ಬಿಟ್ಟು, ನೋಡಿಕೊಂಡು ರಾತ್ರಿಗೆ ವಾಪಸ್ ಬರುವ ಸಾಹಸ ನಮ್ಮ ಕಡೆ ಬಹಳ. ಚಿಕ್ಕ ಮಕ್ಕಳಿದ್ದರೆ ಬೇಡ. ಫಿಲ್ಮ್ ಸಿಟಿ ಇರುವುದು ಹೈದರಾಬಾದಿನ ಪೂರ್ವಕ್ಕೆ, ವಿಜಯವಾಡ ಹೆದ್ದಾರಿಯ ಮೇಲೆ. ನಾವು ಬರುವುದು ಪಶ್ಚಿಮದಿಂದ, ಅಂದರೆ ಇಡೀ ಊರು ದಾಟಬೇಕು. ನಾಂಪಲ್ಲಿಯಲ್ಲಿ ರೈಲು ಇಳಿದವರಿಗೆ ಅಲ್ಲೇ ಮೆಟ್ರೊ ಇದೆ. ಕೆಂಪು ಮಾರ್ಗದಲ್ಲಿ ಕೂತರೆ ಬದಲಿಸದೆ ಎಲ್.ಬಿ. ನಗರ, ಅದೇ ಕೊನೆಯ ನಿಲ್ದಾಣ. ಆ ಸುತ್ತಿನಲ್ಲೇ ರೂಮು ಮಾಡಿದರೆ ಬೆಳಿಗ್ಗೆ ಟ್ರಾಫಿಕ್ಕಿನ ಜಂಜಾಟ ತಪ್ಪುತ್ತದೆ. ಫಿಲ್ಮ್ ಸಿಟಿಯ ಒಳಗೇ ಸಿತಾರಾ, ತಾರಾ ಎಂಬ ಹೋಟೆಲ್ಲುಗಳಿವೆ, ಬಜೆಟ್ ನೋಡಿಕೊಳ್ಳಿ.

ಬೆಳಿಗ್ಗೆ: ಗೇಟಿನಿಂದ ಯುರೇಕಾಗೆ

ಒಂಬತ್ತಕ್ಕೆ ಗೇಟಿನಲ್ಲಿರಿ. ಸ್ವಂತ ಕಾರು ಹೊರಗಿನ ಪಾರ್ಕಿಂಗಿನಲ್ಲೇ ಉಳಿಯುತ್ತದೆ. ಅಲ್ಲಿಂದ ಅವರ ಬಸ್ಸು ನಿಮ್ಮನ್ನು ಯುರೇಕಾ ಎಂಬ ಮುಖ್ಯ ಆವರಣಕ್ಕೆ ಒಯ್ಯುತ್ತದೆ. ಆದ್ದರಿಂದ 'ಏನಾದರೂ ಬೇಕಾದರೆ ಕಾರಿನಿಂದ ತಂದರಾಯಿತು' ಎನ್ನುವುದು ನಡೆಯದು. ಎರಡು ಜೊತೆ ಬಟ್ಟೆ, ಟೋಪಿ, ನೀರು, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ, ಎಲ್ಲ ಒಂದೇ ಹೆಗಲ ಚೀಲದಲ್ಲಿರಲಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಗಂಟು ರೂಮಿನಲ್ಲೇ ಮುಗಿಸಿ ಬನ್ನಿ. ಕೂಸಿನ ಆಹಾರವಿದ್ದರೆ ಚೀಲದ ತಳದಲ್ಲಿ ಹುದುಗಿಸಬೇಡಿ, ಚೆಕ್ಕಿಂಗಿನಲ್ಲಿ ನೀವೇ ಮೊದಲು ತೆಗೆದು ತೋರಿಸಿ.

ಒಳಗೆ ಹೋಗುವ ಮುಂಚೆ ಆ ದಿನದ ಅಂಗಿಯಲ್ಲೇ ಮಗುವಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂಗೈ ಮೇಲೆ ಬಾಲ್‌ಪೆನ್ನಿನಿಂದ ನಿಮ್ಮ ಮೊಬೈಲ್ ನಂಬರ್ ಬರೆಯಿರಿ. ಗದ್ದಲದಲ್ಲಿ ಕೈ ತಪ್ಪಿದರೆ 'ಕೆಂಪು ಅಂಗಿಯೋ ಕೇಸರಿಯೋ' ಎಂದು ಗಂಡ ಹೆಂಡತಿ ವಾದಕ್ಕಿಳಿಯುವ ಹೊತ್ತು ಅದಲ್ಲ.

ಯುರೇಕಾದಲ್ಲಿ ಮೊದಲು ಆ ದಿನದ ಶೋಗಳ ಸಮಯ ನೋಡಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಆಮೇಲೆ ಶೌಚಾಲಯ. ಮಗು ಬೇಡವೆಂದರೂ ಕರೆದೊಯ್ಯಿರಿ.

ಬಸ್ಸಿನಲ್ಲಿ

ಆಟಗಳ ಕಡೆ ಕಾಲಿಡದೆ ನೇರ ಬಸ್ಸಿನ ಸಾಲಿಗೆ ಹೋಗುವುದು ನನ್ನ ಸಲಹೆ. ಜಾರುಬಂಡೆ ಒಮ್ಮೆ ಕಣ್ಣಿಗೆ ಬಿದ್ದರೆ ಮಗುವನ್ನು ಅಲ್ಲಿಂದ ಎಬ್ಬಿಸುವುದು ಬ್ರಹ್ಮನಿಂದಲೂ ಆಗದು. ಬೆಳಿಗ್ಗೆ ಬಿಸಿಲೂ ಕಡಿಮೆ, ತಲೆಯೂ ಚುರುಕು. ಬಸ್ಸಿನ ಮಗ್ಗುಲು ತೆರೆದಿರುತ್ತದೆ, ಅಂಚಿನ ಸೀಟಿನಲ್ಲಿ ದೊಡ್ಡವರು ಕೂತು ಮಕ್ಕಳನ್ನು ಒಳಗೆ ಹಾಕಿಕೊಳ್ಳಿ.

ಗೈಡ್ ಮಾತಾಡುವುದು ತೆಲುಗು, ಹಿಂದಿ, ನಡುನಡುವೆ ಇಂಗ್ಲಿಷಿನಲ್ಲಿ. ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಇಲ್ಲಿ ಆ ಹೀರೊ ಕುಣಿದದ್ದು, ಅಲ್ಲಿ ಈ ಹೀರೊ ಹೊಡೆದದ್ದು. ಅದನ್ನೆಲ್ಲ ಮಗುವಿಗೆ ಕನ್ನಡಕ್ಕೆ ತಿರುಗಿಸಿ ಹೇಳಲು ಹೋಗಬೇಡಿ. ನಿಮ್ಮ ವಾಕ್ಯ ಮುಗಿಯುವಷ್ಟರಲ್ಲಿ ಜೈಲು ಹೋಗಿ ದೇವಸ್ಥಾನ ಬಂದಿರುತ್ತದೆ. ಅದರ ಬದಲು ಒಂದು ಕೆಲಸ ಕೊಡಿ: ಹಿಂದೆ ಏನೂ ಇಲ್ಲದ ಮನೆ ಎಷ್ಟು, ಎಣಿಸು. ರಟ್ಟಿನ ಮನೆ ನೋಡಿ ಹೋದ ಮಗುವಿಗೆ ಇದು ದೊಡ್ಡ ಪತ್ತೇದಾರಿ. ನಮ್ಮವನು ಹದಿನಾಲ್ಕರವರೆಗೆ ಎಣಿಸಿ, ಹದಿನೈದು ಬರದೆ, ಮತ್ತೆ ಒಂದರಿಂದ ಹಿಡಿದ. ವಾಪಸ್ ಬಂದು ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದಾಗಲೂ ಅವನ ಅನುಮಾನ ಹೋಗಿರಲಿಲ್ಲ. ಟಿಕೆಟ್ ಕೌಂಟರಿನ ಗೋಡೆಯನ್ನು ತಟ್ಟಿ ನೋಡಿ, "ಇದು ಖರೇ ಅದ" ಎಂದ.

ಬಸ್ಸು ಅಲ್ಲಲ್ಲಿ ಇಳಿಸುತ್ತದೆ. ನೋಡಿ ಮುಗಿಸಿ ಮುಂದಿನ ಬಸ್ಸು ಹಿಡಿಯಬೇಕು. ಜಾಣತನ ಬೇಕಾಗುವುದು ಇಲ್ಲೇ. ಪಕ್ಷಿಗಳ ಉದ್ಯಾನದಲ್ಲಿ ಎಷ್ಟು ಹೊತ್ತಾದರೂ ಇರಿ, ಅಲ್ಲಿರುವುದೆಲ್ಲ ಖರೇ, ಸೆಟ್ಟಲ್ಲ. ಚಿಟ್ಟೆಗಳ ತೋಟವೂ ಹಾಗೇ. ಬೋನ್ಸಾಯ್ ತೋಟ ಅತ್ತೆಯವರಿಗೆ ಹಿಡಿಸಿತು, ಮಕ್ಕಳಿಗೆ ಐದು ನಿಮಿಷ ಸಾಕು. ಬಾಹುಬಲಿ ಸೆಟ್ಟಿನಲ್ಲಿ ಬಿಸಿಲು ಜೋರು, ಫೋಟೊ ತೆಗೆದು ಹೊರಡಿ. ಬೋರಾಸುರ ಎಂಬ ಕತ್ತಲೆ ಗವಿಯಂಥದು ಒಂದಿದೆ, ಹೆದರಿಸುವುದಕ್ಕೆಂದೇ ಮಾಡಿದ್ದು. ಏಳರೊಳಗಿನ ಮಕ್ಕಳನ್ನು ಒಯ್ಯಲೇಬೇಡಿ. 'ನಮ್ಮ ಹುಡುಗ ಭಾಳ ಧೈರ್ಯದವ' ಎನ್ನುವ ಮಾವಂದಿರ ಮಾತಿಗೆ ಮರುಳಾಗಬೇಡಿ, ರಾತ್ರಿ ಎದ್ದು ಕೂರುವವರು ನೀವು.

ಮಧ್ಯಾಹ್ನ

ಎಲ್ಲರ ಹೊಟ್ಟೆಯೂ ಒಂದು ಗಂಟೆಗೇ ಹಸಿಯುತ್ತದೆ. ಹನ್ನೆರಡಕ್ಕೇ ಯುರೇಕಾಗೆ ಮರಳಿ ಊಟ ಮುಗಿಸಿದರೆ ಸಾಲು ತಪ್ಪುತ್ತದೆ. ಮೊಸರನ್ನ ಸಿಕ್ಕರೆ ಅದೇ ಅಮೃತ. ಊಟದ ನಂತರ ಮಗು ಹೆಗಲ ಮೇಲೆ ನಿದ್ದೆ ಹೋದರೆ ಎಬ್ಬಿಸಬೇಡಿ, ನೆರಳಲ್ಲಿ ಕೂತು ನೀವೂ ಕಾಲು ಚಾಚಿ. ಒಂದು ಶೋ ತಪ್ಪಿದರೆ ತಪ್ಪಲಿ.

ಎದ್ದ ಮೇಲೆ ಫಂಡುಸ್ತಾನ್, ಮಕ್ಕಳಿಗೆಂದೇ ಇರುವ ಆಟದ ಜಾಗ. ಫಿಲ್ಮಿ ದುನಿಯಾದಲ್ಲಿ ಗಾಡಿಯಲ್ಲಿ ಕೂತು ಗೊಂಬೆಗಳ ನಡುವೆ ನಿಧಾನವಾಗಿ ಸಾಗುವುದು, ಪುಟ್ಟವರಿಗೂ ಸರಿ. ವೈಲ್ಡ್ ವೆಸ್ಟ್ ಸ್ಟಂಟ್ ಶೋದಲ್ಲಿ ಗುಂಡಿನ ಸದ್ದು, ಹೊಡೆದಾಟ ಇರುತ್ತದೆ. ನೋಡಲೇಬೇಕೆಂದರೆ ಹಿಂದಿನ ಸಾಲಿನ ತುದಿಯಲ್ಲಿ ಕೂರಿ. ಮಗು ಕಿವಿ ಮುಚ್ಚಿಕೊಂಡಿತೋ, ಒಬ್ಬರು ಎತ್ತಿಕೊಂಡು ಹೊರಗೆ.

ಬಿಡಬಾರದ್ದು ಎಂದರೆ ಸಿನಿಮಾ ಹೇಗೆ ತಯಾರಾಗುತ್ತದೆಂದು ತೋರಿಸುವ ಆ್ಯಕ್ಷನ್ ಥಿಯೇಟರ್. ಪ್ರೇಕ್ಷಕರಲ್ಲೇ ಕೆಲವರನ್ನು ವೇದಿಕೆಗೆ ಕರೆಯುತ್ತಾರೆ. ನಮ್ಮ ನಾದಿನಿಯನ್ನು ಕರೆದು, ನಿಂತಲ್ಲೇ ನಿಂತ ಕುದುರೆಗಾಡಿಯ ಮೇಲೆ ಕೂರಿಸಿ, ಚಾವಟಿ ಬೀಸಲು ಹೇಳಿದರು. ಗಾಡಿಯನ್ನು ಅಲ್ಲಾಡಿಸಿದರು. ಆಮೇಲೆ ಅದಕ್ಕೆ ಹಿನ್ನೆಲೆ, ಸದ್ದು ಎಲ್ಲ ಸೇರಿಸಿ ಪರದೆಯ ಮೇಲೆ ಹಾಕಿದಾಗ, ಊರಲ್ಲಿ ಸ್ಕೂಟಿ ಓಡಿಸಲು ಅಂಜುವ ನಾದಿನಿ ಬಯಲಲ್ಲಿ ಗಾಡಿ ಹಾರಿಸಿಕೊಂಡು ಹೋಗುತ್ತಿದ್ದಳು! ಕುದುರೆಯ ಟಕಟಕ ಕೇಳಿದ್ದೇ ತಡ, ಕತ್ತಲಲ್ಲಿ ನಮ್ಮವನ ದನಿ ಇಡೀ ಥಿಯೇಟರಿಗೆ ಕೇಳಿಸಿತು: "ಚಿಪ್ಪು! ತೆಂಗಿನ ಚಿಪ್ಪು!"

ಹೊರಡುವಾಗ

ಸಂಜೆ ಐದೂವರೆಗೆ ಮುಚ್ಚುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಗೇಟಿನ ಬಸ್ಸಿಗೆ ಮುಗಿಬೀಳುತ್ತಾರೆ. ಅರ್ಧ ಗಂಟೆ ಮೊದಲೇ ಯುರೇಕಾ ಬಿಡಿ. ಮಳಿಗೆಗಳು ದಾರಿಯಲ್ಲೇ ಸಿಗುತ್ತವೆ, ಆಟಿಕೆಗೆ ಇಷ್ಟೇ ದುಡ್ಡು ಎಂದು ಬೆಳಿಗ್ಗೆಯೇ ಮಗುವಿನ ಕೈಗೆ ಎಣಿಸಿ ಕೊಟ್ಟಿದ್ದರೆ ಚೌಕಾಶಿಯನ್ನು ಅದೇ ಮಾಡುತ್ತದೆ. ಬಸ್ಸಿಳಿಯುವಾಗ ನಿದ್ದೆ ಹೋದ ಮಗುವಿನ ಕಾಲು ಒಮ್ಮೆ ನೋಡಿ. ನಮ್ಮದು ಎರಡು ಸಲವೂ ಒಂದೇ ಚಪ್ಪಲಿ ಮನೆಗೆ ಬಂದಿದೆ.